ಬೆರಗಿನ ಬಾಳಿಕೆ

ವಿಜ್ಞಾನದ ಕಲ್ಪನೆಯನ್ನು ಆಧರಿಸಿದ ಭಾರಿ ಚಲನಚಿತ್ರಗಳು ಈಗ ಒಂಟಿಯಾಗಿ ಬರುವುದು ಅಪರೂಪ. ಒಂದು ಚಿತ್ರ ಗೆದ್ದಿತೆಂದರೆ ಅದರ ಬೆನ್ನಿಗೆ ಎರಡನೆಯದು, ಮೂರನೆಯದು ಎಂದು ಮಾಲೆಯೇ ಹೊರಡುತ್ತದೆ. ಇವನ್ನು ನೋಡಿ ಬಂದವರನ್ನು ಹೇಗಿತ್ತೆಂದು ವಿಚಾರಿಸಿದರೆ ಬಹುಮಟ್ಟಿಗೆ ಸಿಗುವ ಉತ್ತರ, "ದೃಶ್ಯಗಳೇನೋ ಅದ್ಭುತ, ಕಥೆ ಮಾತ್ರ ಅಷ್ಟಕ್ಕಷ್ಟೆ" ಎಂಬುದು. ಈ ಮಾತಿನಲ್ಲಿ ಮೆಚ್ಚುಗೆಯೂ ಇದೆ, ದೂರೂ ಇದೆ. ಕಥೆ ಅಷ್ಟಕ್ಕಷ್ಟೆ ಆದರೂ ಜನ ಹೋಗುತ್ತಾರಲ್ಲ, ಹಾಗಾದರೆ ದೃಶ್ಯವೈಭವವೊಂದೇ ಸಾಕೆ? ಒಂದು ಚಿತ್ರವನ್ನಲ್ಲ, ದಶಕಗಟ್ಟಲೆ ನಡೆಯಬೇಕಾದ ಒಂದು ಚಿತ್ರಮಾಲೆಯನ್ನು ಅದು ಪೊರೆಯಬಲ್ಲುದೆ? ಈ ಪ್ರಶ್ನೆಯನ್ನು ಇಂದು ತಮ್ಮೊಡನೆ ಪರಿಶೀಲಿಸಬೇಕೆಂದಿದ್ದೇನೆ. ಕಣ್ಣಿಗೆ ಏನನ್ನೂ ತೋರಿಸಲಾರದ ಬಾನುಲಿಯಲ್ಲಿ ಕಣ್ಣಿನ ಹಬ್ಬವನ್ನು ಕುರಿತು ಮಾತನಾಡುವುದು ವಿಚಿತ್ರವೆನಿಸೀತು. ಆದರೆ ತೆರೆಯ ಬೆಳಕು ಆರಿದ ಮೇಲೆ ಮನಸ್ಸಿನಲ್ಲಿ ಉಳಿಯುವುದೇನು ಎಂಬುದನ್ನು ಅಳೆಯಲು ತೆರೆಯಿಂದ ಸ್ವಲ್ಪ ದೂರ ನಿಲ್ಲುವುದೇ ಮೇಲು.

ಮೊದಲಿಗೆ ವೈಭವಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸೋಣ. ನಮ್ಮ ಅಲಂಕಾರ ಶಾಸ್ತ್ರ ಅದ್ಭುತವನ್ನು ಒಂದು ರಸವೆಂದೇ ಎಣಿಸಿತು. ವಿಸ್ಮಯ ಅದರ ಸ್ಥಾಯೀಭಾವ. ಬೆರಗುಗೊಳ್ಳುವುದು ಕೀಳು ಅಭಿರುಚಿಯಲ್ಲ. ಚಲನಚಿತ್ರವಂತೂ ಹುಟ್ಟಿನಿಂದಲೇ ಜಾದೂವಿನ ನೆಂಟ. 1902ರಲ್ಲಿ ಚಂದ್ರಲೋಕ ಯಾತ್ರೆಯ ಚಿತ್ರವನ್ನು ತೆಗೆದ ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ವೃತ್ತಿಯಿಂದ ಜಾದೂಗಾರನೇ ಆಗಿದ್ದ. ಚಂದ್ರನ ಕಣ್ಣಿಗೆ ಗುಂಡಿನಂಥ ವಾಹನವೊಂದು ಬಂದು ನೆಟ್ಟುಕೊಳ್ಳುವ ಅವನ ದೃಶ್ಯ ಇಂದಿಗೂ ಪುಸ್ತಕಗಳಲ್ಲಿ ಅಚ್ಚಾಗುತ್ತಿದೆ. ಆದರೆ ಆತನ ಮುಂದಿನ ಬದುಕು ನಮ್ಮ ಪ್ರಶ್ನೆಗೆ ಸಂಬಂಧಿಸಿದ್ದು. ಹತ್ತು ವರ್ಷಗಳ ಅನಂತರವೂ ಆತ ಅದೇ ಬಗೆಯ ಚಮತ್ಕಾರಗಳನ್ನು ಕಟ್ಟುತ್ತಲೇ ಇದ್ದ; ಪ್ರೇಕ್ಷಕರು ಮುಂದೆ ಸಾಗಿದ್ದರು. ವ್ಯವಹಾರದ ತೊಡಕುಗಳೂ ಸೇರಿ 1913ರ ಹೊತ್ತಿಗೆ ಆತನ ಚಿತ್ರಗಳು ನಿಂತುಹೋದವು. ಮುಂದೆ ಆತ ಪ್ಯಾರಿಸಿನ ರೈಲು ನಿಲ್ದಾಣವೊಂದರಲ್ಲಿ ಆಟಿಕೆಗಳನ್ನು ಮಾರಿ ಜೀವಿಸಬೇಕಾಯಿತು.

ವಿಸ್ಮಯದ ಸ್ವಭಾವವೇ ಹಾಗೆ. ಅದು ಮೊದಲ ನೋಟಕ್ಕೆ ಸೇರಿದ್ದು. ದುಃಖದ ಕಥೆಯನ್ನು ಹತ್ತನೆಯ ಬಾರಿ ಕೇಳಿದಾಗಲೂ ಕಣ್ಣು ತೇವವಾಗುವುದುಂಟು. ಆದರೆ ಚಮತ್ಕಾರವನ್ನು ಹತ್ತನೆಯ ಬಾರಿ ನೋಡುವವನು ಅದರ ಗುಟ್ಟನ್ನು ಹುಡುಕುತ್ತಾನೆ, ಇಲ್ಲವೇ ಆಕಳಿಸುತ್ತಾನೆ. ಹೀಗಿರುವಲ್ಲಿ ಬೆರಗನ್ನೇ ನೆಚ್ಚಿದ ಚಿತ್ರಮಾಲೆಗೆ ಉಳಿಯುವುದು ಒಂದೇ ದಾರಿ. ಪ್ರತಿ ಸಲವೂ ಹಿಂದಿನದಕ್ಕಿಂತ ದೊಡ್ಡದನ್ನು ತೋರಿಸಬೇಕು. ಮೊದಲು ಒಂದು ಬೀದಿ ಕುಸಿಯಬೇಕು, ಆಮೇಲೆ ಒಂದು ನಗರ, ಆಮೇಲೆ ಒಂದು ಗ್ರಹ. ಗ್ರಹವೂ ಕುಸಿದ ಮೇಲೆ ಮುಂದೇನು?

ಈ ಪ್ರಶ್ನೆಗೆ ಪುಸ್ತಕದ ಉತ್ತರಕ್ಕಿಂತ ಒಂದು ನಿಜವಾದ ಚಿತ್ರಮಾಲೆಯ ಇತಿಹಾಸವೇ ಹೆಚ್ಚು ಬೆಳಕು ಕೊಟ್ಟೀತು. ಜಪಾನಿನ ಗಾಡ್ಜಿಲ್ಲಾ ಚಿತ್ರಗಳನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. 1954ರಲ್ಲಿ ಆರಂಭವಾದ ಈ ಮಾಲೆ ಎಪ್ಪತ್ತು ವರ್ಷಗಳನ್ನು ದಾಟಿ ಇನ್ನೂ ಜೀವಂತವಾಗಿದೆ. ಅದು ಎದ್ದದ್ದೂ ಉಂಟು, ಬಿದ್ದದ್ದೂ ಉಂಟು.

1954ರ ಮಾರ್ಚಿ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಜಲಜನಕ ಬಾಂಬನ್ನು ಪರೀಕ್ಷಿಸಿತು. ಜಪಾನಿನ ಮೀನುಗಾರರ ದೋಣಿಯೊಂದರ ಮೇಲೆ ವಿಕಿರಣದ ಬೂದಿ ಸುರಿಯಿತು. ದೋಣಿಯಲ್ಲಿದ್ದ ಇಪ್ಪತ್ತಮೂರು ಮಂದಿ ಕಾಯಿಲೆ ಬಿದ್ದರು. ಅವರಲ್ಲಿ ಒಬ್ಬರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರ್ 3ರಂದು ಗಾಡ್ಜಿಲ್ಲಾ ತೆರೆಗೆ ಬಂತು. ಬಾಂಬು ಪರೀಕ್ಷೆಯಿಂದ ಕೆರಳಿ ಸಮುದ್ರದಿಂದೆದ್ದ ಪ್ರಾಣಿ ಅದು. ಚಿತ್ರದ ಮೊದಲ ಬಲಿ ಒಂದು ಹಡಗು. ನೋಡುವವರಿಗೆ ಯಾರೂ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಿರ್ದೇಶಕ ಇಶಿರೊ ಹೋಂಡಾ ಸೈನಿಕನಾಗಿ ಯುದ್ಧದಿಂದ ಮರಳುವಾಗ ಹಿರೋಷಿಮಾದ ಹಾಳನ್ನು ಹಾದು ಬಂದವರು.

ಇನ್ನು ಚಮತ್ಕಾರದ ಮಾತು. ರಬ್ಬರಿನ ಭಾರವಾದ ಉಡುಪಿನೊಳಗೆ ಒಬ್ಬ ನಟ ನಿಂತು, ಪುಟ್ಟ ಪುಟ್ಟ ಮನೆಗಳ ಮಾದರಿಗಳನ್ನು ತುಳಿದು ಪುಡಿಮಾಡಿದ, ಅಷ್ಟೆ. ಇಂದಿನ ಮಗು ಕೂಡ ಅದರ ಗುಟ್ಟನ್ನು ಒಂದೇ ನೋಟಕ್ಕೆ ಹೇಳೀತು. ಆದರೂ ಚಿತ್ರದ ನಡುವೆ ಉರಿಯುವ ತೋಕಿಯೋ ನಗರದ ಗೋಡೆಯೊಂದರ ಬುಡದಲ್ಲಿ ತಾಯಿಯೊಬ್ಬಳು ಮಕ್ಕಳನ್ನು ಅಪ್ಪಿ ಕುಳಿತಿದ್ದಾಳೆ. ಇನ್ನೇನು ನಿಮ್ಮ ತಂದೆಯಿದ್ದಲ್ಲಿಗೆ ಹೋಗಿಬಿಡುತ್ತೇವೆ ಎಂದು ಅವರನ್ನು ಸಮಾಧಾನಪಡಿಸುತ್ತಿದ್ದಾಳೆ. ಮರುದಿನ ಆಸ್ಪತ್ರೆಯಲ್ಲಿ ಮಗುವೊಂದರ ಮೈಗೆ ವಿಕಿರಣ ಅಳೆಯುವ ಯಂತ್ರವನ್ನು ಹಿಡಿಯುತ್ತಾರೆ. ಯಂತ್ರ ಕಟಕಟನೆ ಸದ್ದು ಮಾಡುತ್ತದೆ. ರಬ್ಬರಿನ ಉಡುಪು ಹಳತಾಯಿತು. ಆ ಸದ್ದು ಹಳತಾಗಿಲ್ಲ. ಕೊನೆಯಲ್ಲಿ ಸೆರಿಜಾವಾ ಎಂಬ ವಿಜ್ಞಾನಿ ತಾನು ಕಂಡುಹಿಡಿದ ಘೋರ ಅಸ್ತ್ರದಿಂದ ಪ್ರಾಣಿಯನ್ನು ಕೊಲ್ಲಬಲ್ಲ. ಆದರೆ ಒಮ್ಮೆ ಬಳಸಿದರೆ ಅದು ಅಧಿಕಾರಸ್ಥರ ಕೈಸೇರೀತೆಂಬ ಭಯ ಅವನನ್ನು ತಡೆಯುತ್ತದೆ. ಕಡೆಗೆ ತನ್ನ ಕಾಗದಪತ್ರಗಳನ್ನೆಲ್ಲ ಸುಟ್ಟು, ಪ್ರಾಣಿಯೊಡನೆ ತಾನೂ ಸಮುದ್ರದ ತಳದಲ್ಲಿ ಉಳಿದುಬಿಡುತ್ತಾನೆ. ವಿಜ್ಞಾನಿಯ ಹೊಣೆಯೇನೆಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ ಜನಪ್ರಿಯ ಚಿತ್ರಗಳು ಹೆಚ್ಚಿಲ್ಲ.

ಮುಂದೆ ಮಾಲೆ ಬೆಳೆಯಿತು. 1962ರಲ್ಲಿ ಗಾಡ್ಜಿಲ್ಲಾ ಹಾಲಿವುಡ್ಡಿನ ಕಿಂಗ್ ಕಾಂಗ್‌ನೊಡನೆ ಸೆಣಸಿತು. ಜಪಾನಿನಲ್ಲಿ ಅದನ್ನು ನೋಡಿದವರ ಸಂಖ್ಯೆ ಕೋಟಿಯನ್ನು ಮೀರಿತು. ಈ ಮಾಲೆಯಲ್ಲಿ ಅತ್ಯಂತ ಹೆಚ್ಚು ಜನ ನೋಡಿದ ಚಿತ್ರ ಅದೇ. ಆ ಗೆಲುವು ನಿರ್ಮಾಪಕರಿಗೆ ಒಂದು ಪಾಠ ಕಲಿಸಿತು: ಜನಕ್ಕೆ ಬೇಕಾದದ್ದು ಕಾಳಗ. ಪ್ರತಿ ಚಿತ್ರಕ್ಕೂ ಹೊಸ ಪ್ರಾಣಿ, ಹೊಸ ಕುಸ್ತಿ. ನಗರಗಳನ್ನು ಸುಟ್ಟ ಭಯಾನಕ ಜಂತು ಕ್ರಮೇಣ ಮಕ್ಕಳ ಗೆಳೆಯನಾಯಿತು. 1967ರಲ್ಲಿ ಅದಕ್ಕೊಂದು ಮರಿಯೂ ಬಂತು. ಸಂಹಾರದ ದೃಶ್ಯಗಳು ಹೆಚ್ಚಿದವು, ಸತ್ತವರು ಕಾಣೆಯಾದರು. 1975ರ ಚಿತ್ರಕ್ಕೆ ಬಂದ ಪ್ರೇಕ್ಷಕರು ಹತ್ತು ಲಕ್ಷವನ್ನೂ ಮುಟ್ಟಲಿಲ್ಲ. ಮನೆಮನೆಗೆ ಬಂದ ಟೆಲಿವಿಷನ್ ಇದಕ್ಕೆ ಒಂದು ಕಾರಣ ಎಂಬುದು ನಿಜ. ಆದರೆ ಟೆಲಿವಿಷನ್ನಿನಲ್ಲೇ ಬಿಟ್ಟಿಯಾಗಿ ಸಿಗುವಂಥ ಕುಸ್ತಿಯನ್ನು ನೋಡಲು ಹಣ ತೆತ್ತು ಬರುವವರು ಯಾರು? ಒಂಬತ್ತು ವರ್ಷ ಮಾಲೆ ನಿಂತೇಹೋಯಿತು. 1984ರಲ್ಲಿ ಅದು ಮರಳಿದಾಗ ಕಥೆಯಲ್ಲಿ ಮತ್ತೆ ಅಣ್ವಸ್ತ್ರದ ಚರ್ಚೆ ಇತ್ತು. ಅಮೆರಿಕ, ರಷ್ಯಗಳೆರಡೂ ಗಾಡ್ಜಿಲ್ಲಾದ ಮೇಲೆ ಬಾಂಬು ಹಾಕೋಣವೆಂದರೆ, ಜಪಾನಿನ ಪ್ರಧಾನಿ ನಮ್ಮ ನೆಲದಲ್ಲಿ ಬೇಡವೆನ್ನುತ್ತಾನೆ.

1998ರಲ್ಲಿ ಅಮೆರಿಕದವರು ತಮ್ಮದೇ ಗಾಡ್ಜಿಲ್ಲಾವನ್ನು ಕಟ್ಟಿದರು. ಗಣಕಯಂತ್ರಗಳ ನೆರವು, ಅಪಾರ ಹಣ, ನ್ಯೂಯಾರ್ಕಿನಂಥ ನಗರ, ಎಲ್ಲವೂ ಇದ್ದವು. ಗಾತ್ರವೇ ಮುಖ್ಯ ಎಂಬುದೇ ಜಾಹೀರಾತಿನ ಘೋಷಣೆಯಾಗಿತ್ತು. ಜನ ಕುತೂಹಲದಿಂದ ಬಂದರು, ಹಣವೂ ಬಂತು. ಆದರೆ ಅದರ ಮುಂದುವರಿಕೆಯಾಗಿ ಯೋಜಿಸಿದ್ದ ಚಿತ್ರಗಳನ್ನು ಕೈಬಿಡಬೇಕಾಯಿತು, ಏಕೆಂದರೆ ಮುಂದೇನಾಗುವುದೆಂದು ತಿಳಿಯುವ ಆಸೆ ನೋಡಿದವರಲ್ಲಿ ಉಳಿದಿರಲಿಲ್ಲ. ಜಪಾನಿನವರು 2004ರ ತಮ್ಮ ಚಿತ್ರವೊಂದರಲ್ಲಿ ಆ ಅಮೆರಿಕನ್ ಪ್ರಾಣಿಯನ್ನು ಕರೆತಂದು, ತಮ್ಮ ಗಾಡ್ಜಿಲ್ಲಾದ ಕೈಯಲ್ಲಿ ಕ್ಷಣಮಾತ್ರದಲ್ಲಿ ಸೋಲಿಸಿ ತಮಾಷೆ ಮಾಡಿದರು.

2011ರ ಭೂಕಂಪ, ಸುನಾಮಿ ಮತ್ತು ಫುಕುಶಿಮಾ ಪರಮಾಣು ಸ್ಥಾವರದ ದುರಂತದ ಅನಂತರ, 2016ರಲ್ಲಿ ಬಂದ ಶಿನ್ ಗಾಡ್ಜಿಲ್ಲಾದಲ್ಲಿ ಪ್ರಾಣಿಗಿಂತ ಹೆಚ್ಚು ಹೊತ್ತು ಕಾಣುವುದು ಅಧಿಕಾರಿಗಳ ಸಭೆಗಳು. ತೀರ್ಮಾನ ಕೈಗೊಳ್ಳಲಾರದ ಸರ್ಕಾರವೂ ಒಂದು ಆಪತ್ತೇ ಎಂಬ ಮಾತು ಅಲ್ಲಿನ ಜನರನ್ನು ನಾಟಿತು. 2023ರ ಗಾಡ್ಜಿಲ್ಲಾ ಮೈನಸ್ ಒನ್ ಇನ್ನೂ ಹಿಂದಕ್ಕೆ, ಯುದ್ಧ ಮುಗಿದ ದಿನಗಳಿಗೆ ಹೋಯಿತು. ಅದರ ನಾಯಕ ಆತ್ಮಾಹುತಿಗೆಂದು ನಿಯುಕ್ತನಾಗಿ, ಸಾಯಲು ಮನಸ್ಸು ಬಾರದೆ, ವಿಮಾನ ಕೆಟ್ಟಿದೆಯೆಂದು ನೆಪ ಹೇಳಿ ಬದುಕಿ ಬಂದವನು. ಬದುಕಿದ್ದೇ ಅವನಿಗೆ ಅಪರಾಧದಂತೆ ಕಾಡುತ್ತದೆ. ಸಾಯುವುದೊಂದೇ ಶೌರ್ಯವೆಂದು ಕಲಿಸಿದ ರಾಜ್ಯದ ಎದುರು, ಬದುಕುವ ಹಕ್ಕನ್ನು ಆತ ಹೇಗೆ ಮರಳಿ ಗಳಿಸುತ್ತಾನೆ ಎಂಬುದೇ ಕಥೆ. ನಿರ್ದೇಶಕ ತಕಾಶಿ ಯಮಾಜಾಕಿಯವರೇ ದೃಶ್ಯಚಮತ್ಕಾರದ ಉಸ್ತುವಾರಿಯನ್ನೂ ಹೊತ್ತಿದ್ದರು. ಸುಮಾರು 35 ಮಂದಿ ಕಲಾವಿದರ ತಂಡ, ಒಂದೂವರೆ ಕೋಟಿ ಡಾಲರಿಗಿಂತ ಕಡಿಮೆ ವೆಚ್ಚ. 2024ರ ಮಾರ್ಚಿಯಲ್ಲಿ, ಹತ್ತು ಪಟ್ಟಿಗೂ ಮಿಕ್ಕು ಹಣ ಸುರಿದ ಚಿತ್ರಗಳು ಕಣದಲ್ಲಿರುವಾಗ, ದೃಶ್ಯಚಮತ್ಕಾರದ ಆಸ್ಕರ್ ಪ್ರಶಸ್ತಿ ಇದಕ್ಕೆ ಸಂದಿತು. ಗಮನಿಸಿ, ಪ್ರಶಸ್ತಿ ಬಂದದ್ದು ಕಥೆಗಲ್ಲ, ದೃಶ್ಯಕ್ಕೆ. ಕಥೆ ನಮ್ಮನ್ನು ಹಿಡಿದಾಗ ದೃಶ್ಯಕ್ಕೂ ಬಲ ಬರುತ್ತದೆ. ಸಮುದ್ರದಲ್ಲಿ ಪುಟ್ಟ ಮರದ ದೋಣಿಯ ಹಿಂದೆ ಆ ತಲೆ ಮೇಲೆದ್ದಾಗ ನಾವು ನಡುಗುವುದು ತಲೆಯ ಗಾತ್ರಕ್ಕಲ್ಲ, ದೋಣಿಯಲ್ಲಿರುವವರನ್ನು ನಾವು ಬಲ್ಲೆವು ಎಂಬುದಕ್ಕೆ.

ಇಲ್ಲಿ ತಾವು ಒಂದು ಆಕ್ಷೇಪವನ್ನು ಎತ್ತಬಹುದು. ಅವತಾರ್ ಚಿತ್ರಮಾಲೆಯ ಗತಿಯೇನು? ಜೇಮ್ಸ್ ಕ್ಯಾಮೆರಾನ್ ಅವರ ಈ ಚಿತ್ರಗಳು 2009, 2022 ಮತ್ತು 2025ರಲ್ಲಿ ಬಂದವು; ಮೂರೂ ನೂರು ಕೋಟಿ ಡಾಲರನ್ನು ದಾಟಿದವು. ಕಥೆ ಸರಳ, ಸಂಭಾಷಣೆ ಸಾಧಾರಣ, ಎಲ್ಲವೂ ಕಣ್ಣಿನ ಮಾಯೆ ಎಂಬ ಮಾತು ಇವುಗಳ ಬಗ್ಗೆ ಬಹಳವಾಗಿ ಕೇಳಿಬಂದಿದೆ. ಆಕ್ಷೇಪ ಬಲವಾದದ್ದೇ. ಆದರೆ ಒಂದು ಪರೀಕ್ಷೆ ಮಾಡಿ ನೋಡೋಣ. 2009ರ ಗೆಲುವಿಗೆ ಮೂರು ಆಯಾಮದ ಕನ್ನಡಕವೇ ಕಾರಣವಾಗಿದ್ದರೆ, ಅದೇ ಕನ್ನಡಕವನ್ನು ತೊಡಿಸಿದ ಇತರರೂ ಉಳಿಯಬೇಕಿತ್ತು. ಮುಂದಿನ ವರ್ಷಗಳಲ್ಲಿ ಹತ್ತಾರು ಚಿತ್ರಗಳು ಆ ಹಾದಿ ಹಿಡಿದವು. ಟೆಲಿವಿಷನ್ನಿಗೂ ಮೂರನೆಯ ಆಯಾಮ ಬಂತು. 2017ರ ಹೊತ್ತಿಗೆ ದೊಡ್ಡ ತಯಾರಕರು ಅಂಥ ಟೆಲಿವಿಷನ್ನುಗಳನ್ನು ನಿಲ್ಲಿಸಿಯೇಬಿಟ್ಟರು. ಕನ್ನಡಕ ಹೋಯಿತು, ಅವತಾರ್ ಉಳಿಯಿತು.

ಅದರ ಕಥೆ ಸರಳವೆಂಬುದು ನಿಜ, ಸರಳವೆಂದರೆ ಇಲ್ಲವೆಂದಲ್ಲ. ಕಾಲು ಸ್ವಾಧೀನವಿಲ್ಲದ ಸೈನಿಕನೊಬ್ಬ ಹೊಸ ಮೈಯನ್ನು ಪಡೆದು, ಮೊದಲ ಬಾರಿಗೆ ಓಡಿ, ಕಾಲ್ಬೆರಳುಗಳನ್ನು ಮಣ್ಣಿನಲ್ಲಿ ಊರುವ ಗಳಿಗೆಯನ್ನು ನೆನೆಯಿರಿ. ಆ ದೃಶ್ಯದ ಚಮತ್ಕಾರ ಅವನ ಸಂತೋಷದಿಂದ ಬೇರೆಯಾಗಿಲ್ಲ. ಖನಿಜಕ್ಕಾಗಿ ಕಾಡಿನ ಜನರ ಮಹಾವೃಕ್ಷವನ್ನು ಉರುಳಿಸುವುದು ಬಹಳ ಹಳೆಯ ಕಥೆ. ಅದು ಹಳತಾದದ್ದು ಭೂಮಿಯ ಮೇಲೆ ಅನೇಕ ಸಲ ನಡೆದಿರುವುದರಿಂದ. 2010ರಲ್ಲಿ ಒಡಿಶಾದ ನಿಯಮಗಿರಿ ಬೆಟ್ಟದ ಡೋಂಗ್ರಿಯಾ ಕೊಂಧ ಜನರ ಪರವಾಗಿ ಹಾಲಿವುಡ್ಡಿನ ಪತ್ರಿಕೆಯೊಂದರಲ್ಲಿ ಕ್ಯಾಮೆರಾನ್ ಅವರಿಗೆ ಬಹಿರಂಗ ಮನವಿಯ ಜಾಹೀರಾತು ಪ್ರಕಟವಾಯಿತು. ತಮ್ಮ ಬೆಟ್ಟವನ್ನು ಬಾಕ್ಸೈಟ್ ಗಣಿಯಿಂದ ಉಳಿಸಲು ಹೋರಾಡುತ್ತಿದ್ದವರ ಕಥೆಯೂ ಚಿತ್ರದ ಕಥೆಯೂ ಒಂದೇ ಎಂಬುದು ಅದರ ತಿರುಳು. ಬರಿಯ ಬಣ್ಣದ ಬೆಳಕಿಗೆ ಯಾರೂ ಇಂಥ ಮನವಿ ಬರೆಯುವುದಿಲ್ಲ.

ವೈಭವವನ್ನೇ ಹೆಚ್ಚಾಗಿ ನೆಚ್ಚಿದ ಮಾಲೆಗೆ ಟ್ರಾನ್ಸ್‌ಫಾರ್ಮರ್ಸ್ ತಕ್ಕ ಉದಾಹರಣೆ. 2011 ಮತ್ತು 2014ರ ಚಿತ್ರಗಳು ನೂರು ಕೋಟಿ ಡಾಲರನ್ನು ಮೀರಿದವು. 2017ರದು ಅರವತ್ತು ಕೋಟಿಯ ಆಸುಪಾಸಿಗೆ ಕುಸಿಯಿತು. 2018ರಲ್ಲಿ ಒಬ್ಬ ಹುಡುಗಿ ಮತ್ತು ಒಂದು ಯಂತ್ರದ ಸ್ನೇಹವನ್ನು ಕುರಿತ ಚಿಕ್ಕ ಚಿತ್ರವೊಂದನ್ನು ಮಾಡಿದರು. ವಿಮರ್ಶಕರು ಮೆಚ್ಚಿದರು, ಆದರೆ ಜನ ಮೊದಲಿನಂತೆ ಮರಳಲಿಲ್ಲ. ಕಳೆದ ವಿಶ್ವಾಸವನ್ನು ಒಂದು ಒಳ್ಳೆಯ ಚಿತ್ರದಿಂದ ಗಳಿಸುವುದು ಸುಲಭವಲ್ಲ. ಹಾಗೆಂದು ವೈಭವ ಎಂದೂ ಸೋಲುತ್ತದೆಂದು ನಾನು ಹೇಳಲಾರೆ. ಹತ್ತು ವರ್ಷ ಅದು ನಡೆಸೀತು. ಹತ್ತು ವರ್ಷ ವ್ಯಾಪಾರಕ್ಕೆ ಕಡಿಮೆಯೇನಲ್ಲ. ಆದರೆ ನಡೆಯುವುದು ಬೇರೆ, ಬಾಳುವುದು ಬೇರೆ.

ಇದು ವ್ಯಾಪಾರಸ್ಥರ ಲೆಕ್ಕ, ನಮಗೇಕೆ ಎಂದು ಕೇಳಬಹುದು. ನಮಗೂ ಇದರಲ್ಲಿ ಪಾಲಿದೆ. ಯಂತ್ರ, ಅಣುಶಕ್ತಿ, ಅನ್ಯಗ್ರಹ, ಬರಲಿರುವ ಕಾಲ ಇವುಗಳ ಬಗೆಗಿನ ಭಯವನ್ನೂ ಆಸೆಯನ್ನೂ ಸಾಮಾನ್ಯ ಜನ ಒಟ್ಟಿಗೆ ಕುಳಿತು ಎದುರಿಸುವ ಸ್ಥಳಗಳು ಹೆಚ್ಚಿಲ್ಲ. ಇಂಥ ಚಿತ್ರಗಳು ಅವುಗಳಲ್ಲೊಂದು. ನಗರ ಉರಿಯುವುದನ್ನು ತೋರಿಸಿ ಅದರೊಳಗಿನ ತಾಯಿಯನ್ನು ತೋರಿಸದಿದ್ದರೆ, ಉರಿಯುವುದನ್ನು ನೋಡಿ ಸುಖಪಡುವ ಅಭ್ಯಾಸವೊಂದೇ ನಮಗೆ ಉಳಿದೀತು. ನಿಜವಾದ ನಗರಗಳು ಉರಿಯುವ ಚಿತ್ರಗಳು ದಿನವೂ ನಮ್ಮ ಮನೆಗೆ ಬರುತ್ತಿರುವ ಈ ಕಾಲದಲ್ಲಿ ಆ ಅಭ್ಯಾಸ ಒಳ್ಳೆಯದಲ್ಲ.

ಭರತಮುನಿ ಅಭಿನಯವನ್ನು ನಾಲ್ಕು ಬಗೆಯಾಗಿ ಹೇಳಿದ. ವೇಷಭೂಷಣ, ರಂಗಸಜ್ಜಿಕೆಗಳ ಆಹಾರ್ಯ ಅವುಗಳಲ್ಲಿ ಒಂದು. ಆತ ಅದನ್ನು ತಳ್ಳಿಹಾಕಲಿಲ್ಲ. ಅದೊಂದೇ ಸಾಕೆಂದೂ ಹೇಳಲಿಲ್ಲ. ಇಂದಿನ ಗಣಕಯಂತ್ರಗಳು ಕಟ್ಟಿಕೊಡುವ ಲೋಕಗಳೆಲ್ಲ ಆಹಾರ್ಯವೇ. ಅದು ಇನ್ನೂ ಬೆಳೆಯಲಿ, ನಮ್ಮನ್ನು ಇನ್ನೂ ಬೆರಗುಗೊಳಿಸಲಿ. ಮುಂದಿನ ಸಲ ಅಂಥ ಚಿತ್ರವನ್ನು ನೋಡಿ ಹೊರಬಂದಾಗ, ಏನನ್ನು ನೋಡಿದೆ ಎಂಬುದರ ಜೊತೆಗೆ ಯಾರಿಗಾಗಿ ಭಯಪಟ್ಟೆ ಎಂದೂ ಒಮ್ಮೆ ಕೇಳಿಕೊಳ್ಳಿ. ಒಂದು ಹೆಸರು ನೆನಪಿಗೆ ಬಂದರೆ ಆ ಮಾಲೆಗೆ ಇನ್ನೂ ಆಯುಸ್ಸಿದೆ ಎಂದು ತಿಳಿಯಬಹುದು.