ನಾಲ್ಕು ಸ್ಥಾನಗಳ ಅಕಾಡೆಮಿ ಮತ್ತು ಮೈಸೂರಿನ ರಾಯಭಾರಿ



1783ರ ಮೇ 31ರಂದು ಪ್ಯಾರಿಸ್ಸಿನ ರಾಯಲ್ ಅಕಾಡೆಮಿಯು ಒಂದೇ ಸಭೆಯಲ್ಲಿ ಇಬ್ಬರು ಕಲಾವಿದೆಯರನ್ನು ಸದಸ್ಯರನ್ನಾಗಿ ಸ್ವೀಕರಿಸಿತು. ಒಬ್ಬಾಕೆ ಎಲಿಜಬೆತ್ ವಿಜೀ ಲ ಬ್ರನ್, ಇನ್ನೊಬ್ಬಾಕೆ ಅಡೆಲಾಯ್ಡ್ ಲಬೀಯ್ ಗಿಯಾರ್. ಚಿತ್ರಕಾರರಿಗೂ ಶಿಲ್ಪಿಗಳಿಗೂ ಫ್ರಾನ್ಸಿನಲ್ಲಿ ಅದಕ್ಕಿಂತ ದೊಡ್ಡ ಮನ್ನಣೆ ಇರಲಿಲ್ಲ. ಲೂವ್ರ್ ಅರಮನೆಯ ಸಭಾಂಗಣದಲ್ಲಿ ನಡೆಯುತ್ತಿದ್ದ ‘ಸಲೋನ್’ ಎಂಬ ಸಾರ್ವಜನಿಕ ಪ್ರದರ್ಶನದಲ್ಲಿ ಕೃತಿಗಳನ್ನಿಡುವ ಹಕ್ಕು ಅಕಾಡೆಮಿಗೆ ಸೇರಿದವರಿಗೆ ಮಾತ್ರ ಮೀಸಲಾಗಿತ್ತು. ಆ ದಿನ ಇಬ್ಬರು ಒಳಬಂದೊಡನೆ ಹೆಂಗಸರಿಗಾಗಿ ಇದ್ದ ಸ್ಥಾನಗಳೆಲ್ಲ ಭರ್ತಿಯಾದವು. ಏಕೆಂದರೆ 1770ರಲ್ಲಿಯೇ ಅಕಾಡೆಮಿ ಒಂದು ನಿಯಮ ಮಾಡಿಕೊಂಡಿತ್ತು: ಯಾವ ಕಾಲಕ್ಕೂ ನಾಲ್ವರಿಗಿಂತ ಹೆಚ್ಚು ಮಹಿಳಾ ಸದಸ್ಯರು ಇರಕೂಡದು. ಗಂಡಸರ ಸಂಖ್ಯೆಗೆ ಅಂಥ ಮಿತಿಯೇನೂ ಇರಲಿಲ್ಲ.

ಆ ನಾಲ್ಕು ಸ್ಥಾನಗಳಾದರೂ ಪೂರ್ಣ ಸ್ಥಾನಗಳಾಗಿರಲಿಲ್ಲ. ಅಕಾಡೆಮಿಯ ಶ್ರೇಣೀಕರಣದಲ್ಲಿ ಪುರಾಣ, ಇತಿಹಾಸ, ಬೈಬಲ್ಲಿನ ಪ್ರಸಂಗಗಳನ್ನು ಚಿತ್ರಿಸುವ ‘ಇತಿಹಾಸಚಿತ್ರ’ ಎಲ್ಲಕ್ಕಿಂತ ಮೇಲೆ. ಭಾವಚಿತ್ರ ಅದರ ಕೆಳಗೆ, ಹೂವು, ಹಣ್ಣು, ಪಾತ್ರೆಗಳ ಸ್ತಬ್ಧಚಿತ್ರ ಇನ್ನೂ ಕೆಳಗೆ. ಇತಿಹಾಸಚಿತ್ರ ಬರೆಯಬೇಕಾದರೆ ಮನುಷ್ಯ ದೇಹದ ರಚನೆ ಕೈಗೆ ಒಗ್ಗಿರಬೇಕು. ಅದಕ್ಕೆ ನಗ್ನ ಪುರುಷ ಮಾದರಿಯನ್ನು ಎದುರಿಗೆ ನಿಲ್ಲಿಸಿಕೊಂಡು ವರ್ಷಗಟ್ಟಲೆ ಅಭ್ಯಾಸ ಮಾಡಬೇಕು. ಆ ತರಗತಿಗೆ ಹೆಂಗಸರಿಗೆ ಪ್ರವೇಶವಿಲ್ಲ. ಮೊದಲು ಏಣಿಯನ್ನು ತೆಗೆದಿಟ್ಟು, ಅನಂತರ ‘ಇವರು ಮಾಳಿಗೆ ಹತ್ತಲಾರರು, ಇವರದು ಭಾವಚಿತ್ರದ ಪ್ರತಿಭೆ’ ಎಂದು ತೀರ್ಪು ಕೊಡುವ ಈ ಜಾಣತನ ಯಾವ ನಾಡಿನ ಓದುಗರಿಗೂ ಹೊಸದಲ್ಲ.

ಇಬ್ಬರೂ ಪ್ಯಾರಿಸ್ಸಿನ ಮಧ್ಯಮ ಸ್ತರದಿಂದ ಬಂದವರು. ಲಬೀಯ್ ಗಿಯಾರಳ ತಂದೆ ಅಂಗಡಿಕಾರ. ವಿಜೀಯ ತಂದೆ ಪ್ಯಾಸ್ಟೆಲ್ ಬಣ್ಣಗಳಲ್ಲಿ ಭಾವಚಿತ್ರ ಬರೆಯುತ್ತಿದ್ದ ಸಾಧಾರಣ ಕಲಾವಿದ, ತಾಯಿ ಕೇಶಾಲಂಕಾರ ಮಾಡುತ್ತಿದ್ದವಳು. ಮಗಳಿಗೆ ಹನ್ನೆರಡು ವರ್ಷವಾದಾಗ ತಂದೆ ತೀರಿಕೊಂಡ. ಹದಿಹರೆಯದಲ್ಲೇ ಆಕೆ ಚಿತ್ರ ಬರೆದು ಮನೆಯನ್ನು ನಡೆಸತೊಡಗಿದಳು. ಪರವಾನಗಿಯಿಲ್ಲದೆ ಕಸುಬು ಮಾಡುತ್ತಿದ್ದಾಳೆಂದು 1774ರಲ್ಲಿ ಅಧಿಕಾರಿಗಳು ಆಕೆಯ ಚಿತ್ರಶಾಲೆಯ ಸಾಮಗ್ರಿಗಳನ್ನು ಜಪ್ತಿ ಮಾಡಿದರು. ಅನಂತರವೇ ಆಕೆ ಸಂತ ಲೂಕನ ಹೆಸರಿನ ಕಸುಬುದಾರರ ಅಕಾಡೆಮಿಗೆ ಸೇರಿದ್ದು. 1778ರ ಹೊತ್ತಿಗೆ ರಾಣಿ ಮಾರಿ ಅಂಟ್ವಾನೆಟ್‌ಳ ಭಾವಚಿತ್ರ ಬರೆಯುವ ಮಟ್ಟಕ್ಕೆ ಆಕೆಯ ಹೆಸರು ಬೆಳೆದಿತ್ತು. ರಾಯಲ್ ಅಕಾಡೆಮಿಯ ಪ್ರವೇಶದ ಪ್ರಶ್ನೆ ಬಂದಾಗ ಆಕೆಯ ಗಂಡ ಚಿತ್ರವ್ಯಾಪಾರಿ ಎಂಬುದೇ ಅಡ್ಡಿಯಾಯಿತು. ವ್ಯಾಪಾರಕ್ಕೂ ತನಗೂ ಸಂಬಂಧವಿರಕೂಡದೆಂಬುದು ಆ ಸಂಸ್ಥೆಯ ಮಡಿ. ಕೊನೆಗೆ ರಾಣಿಯ ಒತ್ತಾಸೆಯಿಂದ, ಅರಸನ ಆಜ್ಞೆಯ ಬಲದಿಂದ ಆಕೆ ಒಳಬಂದಳು. ಲಬೀಯ್ ಗಿಯಾರ್ ಬಂದದ್ದು ಸದಸ್ಯರ ಮತಗಳಿಂದ. ಒಂದೇ ದಿನ, ಒಂದೇ ಬಾಗಿಲು, ಆದರೆ ದಾರಿಗಳು ಬೇರೆ ಬೇರೆ. ಮುಂದಿನ ಹತ್ತು ವರ್ಷಗಳಲ್ಲಿ ಈ ವ್ಯತ್ಯಾಸ ಇಬ್ಬರ ಬಾಳನ್ನೂ ತಿದ್ದಿತು.

ಲಬೀಯ್ ಗಿಯಾರ್ ಅಕಾಡೆಮಿಗೆ ಒಪ್ಪಿಸಿದ ಚಿತ್ರ ಇಂದಿಗೂ ನೋಡತಕ್ಕದ್ದು. ಶಿಲ್ಪಿ ಓಗುಸ್ತಾಂ ಪಜೂ ತನ್ನ ಗುರು ಲಮ್ವಾನ್‌ನ ಎದೆಮಟ್ಟದ ಪ್ರತಿಮೆಯನ್ನು ಮಣ್ಣಿನಲ್ಲಿ ರೂಪಿಸುತ್ತಿರುವ ದೃಶ್ಯವದು. ಗುರುವನ್ನು ಶಿಷ್ಯ ರೂಪಿಸುತ್ತಿದ್ದಾನೆ, ಆ ಶಿಷ್ಯನನ್ನು ಹೆಣ್ಣೊಬ್ಬಳು ರೂಪಿಸುತ್ತಿದ್ದಾಳೆ. ಆಕೆಯ ಚಿತ್ರಗಳನ್ನು ನಿಜವಾಗಿ ತಿದ್ದಿಕೊಡುವವನು ಚಿತ್ರಕಾರ ವಿನ್ಸೆಂಟ್ ಎಂಬ ಗುಸುಗುಸು ಆಗ ಹಬ್ಬಿತ್ತು. ಅಕಾಡೆಮಿಯ ಸದಸ್ಯರನ್ನೇ ಒಬ್ಬೊಬ್ಬರನ್ನಾಗಿ ಎದುರಿಗೆ ಕೂರಿಸಿಕೊಂಡು, ಅವರ ಕಣ್ಣೆದುರೇ ಬರೆದು ಆಕೆ ಅದಕ್ಕೆ ಉತ್ತರ ಕೊಟ್ಟಳು. ಶೀಲವನ್ನು ಹಳಿಯುವ ಕರಪತ್ರವೊಂದು ಹೊರಬಂದಾಗ ಮಾತ್ರ ಬಲ್ಲವರ ಮೊರೆ ಹೋಗಿ ಅದನ್ನು ತಡೆಯಿಸಬೇಕಾಯಿತು. 1785ರ ಸಲೋನಿನಲ್ಲಿ ಆಕೆ ಇಟ್ಟ ಆತ್ಮಚಿತ್ರದಲ್ಲಿ ಬೆನ್ನ ಹಿಂದೆ ಇಬ್ಬರು ಶಿಷ್ಯೆಯರು ನಿಂತಿದ್ದಾರೆ. ಅದೀಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ರೇಷ್ಮೆಯ ಉಡುಪಿನ ಮೆರುಗನ್ನು ನೋಡಿ ಮುಂದೆ ಸಾಗುವವರೇ ಹೆಚ್ಚು. ಆದರೆ ನಾಲ್ಕೇ ಸ್ಥಾನಗಳ ಸಂಸ್ಥೆಯ ಗೋಡೆಯ ಮೇಲೆ, ಸರದಿಯಲ್ಲಿ ಇನ್ನೂ ಇಬ್ಬರು ಕಾದಿದ್ದಾರೆಂದು ತೋರಿಸುವ ಚಿತ್ರವದು.

ವಿಜೀಯ ಹಗರಣ ಬೇರೆ ಬಗೆಯದು. 1783ರ ಸಲೋನಿನಲ್ಲಿ ಆಕೆ ರಾಣಿಯನ್ನು ಸರಳವಾದ ಬಿಳಿಯ ಮಸ್ಲಿನ್ ಉಡುಪಿನಲ್ಲಿ, ಹುಲ್ಲಿನ ಟೋಪಿಯಲ್ಲಿ ತೋರಿಸಿದಳು. ರಾಣಿ ಒಳ ಅಂಗಿಯಲ್ಲಿ ನಿಂತಿದ್ದಾಳೆಂದು ಪ್ಯಾರಿಸ್ ಗದ್ದಲವೆಬ್ಬಿಸಿತು. ಲಿಯೋನ್ ನಗರದ ರೇಷ್ಮೆ ನೇಕಾರರ ಅನ್ನ ಕಸಿದು ಹತ್ತಿಬಟ್ಟೆಯನ್ನು ಮೆರೆಸುತ್ತಿದ್ದಾಳೆಂಬ ದೂರೂ ಇತ್ತು. ಚಿತ್ರವನ್ನು ಇಳಿಸಿ, ರೇಷ್ಮೆಯುಟ್ಟ ರಾಣಿಯ ಇನ್ನೊಂದು ಚಿತ್ರವನ್ನು ತೂಗಹಾಕಬೇಕಾಯಿತು. ಮಸ್ಲಿನ್ ಎಂಬ ಆ ತೆಳುಬಟ್ಟೆ ಐದು ವರ್ಷಗಳ ನಂತರ ಆಕೆಯ ಕುಂಚಕ್ಕೆ ಮತ್ತೆ ಸಿಕ್ಕಿತು, ಈ ಬಾರಿ ಅದನ್ನು ಧರಿಸುವುದು ಸಹಜವಾಗಿದ್ದ ನಾಡಿನವನೊಬ್ಬನ ಮೈಮೇಲೆ.

1788ರ ಜೂನ್ ತಿಂಗಳಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ತೂಲೋನ್ ಬಂದರಿನಲ್ಲಿ ಇಳಿದರು: ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್. ಇಂಗ್ಲಿಷರ ವಿರುದ್ಧ ಫ್ರೆಂಚರ ಸೇನಾಬಲವನ್ನು ಪಡೆಯುವುದು ಅವರ ಮುಖ್ಯ ಉದ್ದೇಶ. ಜೊತೆಗೆ ಕುಶಲಕರ್ಮಿಗಳೂ ಬೇಕಾಗಿದ್ದರು. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ಅವರನ್ನು ವೈಭವದಿಂದ ಬರಮಾಡಿಕೊಂಡ. ಆ ವಾರದ ದಿನಾಂಕಗಳನ್ನು ಒಮ್ಮೆ ಗಮನಿಸಬೇಕು. ಎರಡು ದಿನ ಮುಂಚೆ, ಆಗಸ್ಟ್ 8ರಂದು, ಬೇರೆ ದಾರಿಯಿಲ್ಲದೆ ಸರ್ಕಾರ ಮುಂದಿನ ವರ್ಷ ಮಹಾಸಭೆಯನ್ನು ಕರೆಯುವುದಾಗಿ ಘೋಷಿಸಿತ್ತು. ಆರು ದಿನಗಳ ನಂತರ, ಆಗಸ್ಟ್ 16ರಂದು, ಬೊಕ್ಕಸ ತನ್ನ ಪಾವತಿಗಳನ್ನು ನಿಲ್ಲಿಸಿತು. ದಿವಾಳಿಯೆದ್ದ ಅರಸೊಬ್ಬನ ಮುಂದೆ ಮೈಸೂರು ಸೈನ್ಯದ ಸಹಾಯ ಕೇಳಿ ನಿಂತಿತ್ತು. ಪಿಂಗಾಣಿ ಸಿಕ್ಕಿತು, ಉಡುಗೊರೆಗಳು ಸಿಕ್ಕವು, ಕುಶಲಕರ್ಮಿಗಳೂ ಸಿಕ್ಕರು. ಸೈನ್ಯ ಸಿಗಲಿಲ್ಲ.

ಪ್ಯಾರಿಸ್ ಮಾತ್ರ ಅವರನ್ನು ನೋಡಲು ಮುಗಿಬಿತ್ತು. ವಿಜೀ ಅವರನ್ನು ಕಂಡದ್ದು ಒಪೆರಾದಲ್ಲಿ. ಚಿತ್ರ ಬರೆಯಲೇಬೇಕೆಂದು ಆಕೆಗೆ ಅನ್ನಿಸಿತು. ಅರಸನೇ ಕೇಳಿಕೊಂಡ ಹೊರತು ತಾವು ಚಿತ್ರಕ್ಕೆ ಕೂರುವುದಿಲ್ಲವೆಂದು ಅವರು ತಿಳಿಸಿದರು. ಆಕೆ ಅರಸನಿಂದಲೇ ಆ ಕೋರಿಕೆಯನ್ನು ಹೊರಡಿಸಿದಳು, ಕ್ಯಾನ್ವಾಸು ಬಣ್ಣಗಳೊಡನೆ ಅವರ ಬಿಡಾರಕ್ಕೆ ಹೋದಳು. ಬಾಗಿಲಲ್ಲಿ ಕೈಗೆ ಪನ್ನೀರು ಚಿಮುಕಿಸಿ ಸ್ವಾಗತಿಸಿದರಂತೆ. ದರ್ವೇಶ್ ಖಾನ್ ಕತ್ತಿಯ ಮೇಲೆ ಕೈಯಿಟ್ಟು ನಿಂತ ಭಂಗಿ ಆತನೇ ಆರಿಸಿಕೊಂಡದ್ದು, ಅದನ್ನು ಬದಲಿಸುವ ಅಗತ್ಯವೇ ಬೀಳಲಿಲ್ಲ ಎಂದು ಆಕೆಯ ನೆನಪುಗಳು ಹೇಳುತ್ತವೆ. ಎರಡು ಮೀಟರಿಗೂ ಎತ್ತರದ ಕ್ಯಾನ್ವಾಸು. ಬಂಗಾರದ ಹೂಗಳನ್ನು ಚೆಲ್ಲಿದ ಬಿಳಿಯ ಮಸ್ಲಿನ್ ನಿಲುವಂಗಿ. ನೋಡುಗನ ಕಣ್ಣು ಕೆಳಗಿನಿಂದ ಮೇಲಕ್ಕೆ ಹೋಗುವಂತೆ ಚಿತ್ರವನ್ನು ಕಟ್ಟಲಾಗಿದೆ. ದರ್ವೇಶ್ ಖಾನ್ ನೋಡುಗನತ್ತ ನೋಡುವುದಿಲ್ಲ, ಆತನ ದೃಷ್ಟಿ ಪಕ್ಕಕ್ಕೆ ಹರಿದಿದೆ. ಮೆಚ್ಚಿಸುವ ಮುಗುಳ್ನಗೆಗೆ ಹೆಸರಾದ ಈ ಕಲಾವಿದೆಯ ಕೃತಿಗಳಲ್ಲಿ ಇಂಥ ಗಂಭೀರ, ಯಾರನ್ನೂ ಓಲೈಸದ ಮುಖ ಅಪರೂಪ.

ಚಿತ್ರ ಮುಗಿದ ಮೇಲೆ ನಡೆದ ಘಟನೆಯನ್ನು ಆಕೆ ವಿನೋದದ ಕಥೆಯಾಗಿ ಹೇಳುತ್ತಾಳೆ. ಒಣಗಲೆಂದು ಬಿಟ್ಟುಬಂದ ಚಿತ್ರವನ್ನು ತರಿಸಲು ಹೋದರೆ ದರ್ವೇಶ್ ಖಾನ್ ಕೊಡಲೊಲ್ಲ. ಅದನ್ನು ಮಂಚದ ಹಿಂದೆ ಬಚ್ಚಿಟ್ಟಿದ್ದಾನೆ. ಚಿತ್ರಕ್ಕೆ ಇನ್ನೂ ಆತ್ಮ ಬೇಕಾಗಿದೆ ಎಂಬುದು ಆತನ ವಾದ. ಕೊನೆಗೆ ಆತನ ಸೇವಕನ ಮೂಲಕ ಚಿತ್ರವನ್ನು ಗುಟ್ಟಾಗಿ ಹೊರಸಾಗಿಸಲಾಯಿತು. ಸೇವಕನನ್ನು ಕೊಂದೇಬಿಡುತ್ತೇನೆಂದು ಹೊರಟ ಒಡೆಯನನ್ನು, ಫ್ರಾನ್ಸಿನಲ್ಲಿ ಆ ಪದ್ಧತಿಯಿಲ್ಲವೆಂದೂ ಚಿತ್ರ ಅರಸನಿಗೆ ಬೇಕೆಂದೂ ದುಭಾಷಿ ಸಮಾಧಾನಪಡಿಸಿದನಂತೆ. ಈ ನೆನಪುಗಳು ಅಚ್ಚಾದದ್ದು 1835ರಿಂದ 1837ರ ನಡುವೆ, ಆಕೆಗೆ ಎಂಬತ್ತು ತುಂಬಿದಾಗ. ಅಷ್ಟು ಹೊತ್ತಿಗೆ ಟಿಪ್ಪು ಸತ್ತು ಮೂರೂವರೆ ದಶಕಗಳು ಕಳೆದಿದ್ದವು. ಪೂರ್ವದೇಶದವರೆಂದರೆ ಕೋಪಿಷ್ಠರು, ಮುಗ್ಧರು, ಕತ್ತಿಗೆ ಕೈಹಾಕುವವರು ಎಂಬ ಸಿದ್ಧ ಅಚ್ಚು ಯುರೋಪಿನ ಮನೆಮನೆಯಲ್ಲೂ ತಯಾರಾಗಿತ್ತು. ಕಥೆಯಲ್ಲಿ ಆ ಅಚ್ಚಿನ ಗುರುತಿದೆ. ಅದನ್ನು ಬದಿಗಿಟ್ಟು ನೋಡಿದರೆ ಉಳಿಯುವುದು ಸರಳ ಸಂಗತಿ: ತನ್ನ ಮುಖ ತನ್ನದೆಂದು ಒಬ್ಬ ಮನುಷ್ಯ ಹಟ ಹಿಡಿದ, ಅದನ್ನು ಆತನಿಗೆ ಹೇಳದೆ ಒಯ್ಯಲಾಯಿತು. ಪರವಾನಗಿಯ ಹೆಸರಿನಲ್ಲಿ ತನ್ನ ಸಾಮಗ್ರಿಗಳನ್ನೇ ಒಮ್ಮೆ ಕಳೆದುಕೊಂಡಿದ್ದ ಕಲಾವಿದೆಗೆ ಇದರಲ್ಲಿ ಕೇವಲ ತಮಾಷೆ ಕಂಡಿತು. ಹಾಗೆಂದು ಆಕೆಯ ಕುಂಚದ ನ್ಯಾಯವನ್ನು ಮರೆಯಲಾಗದು. ಲೇಖನಿಯಲ್ಲಿ ಆಕೆ ತೋರದ ಗೌರವವನ್ನು ಕುಂಚ ತೋರಿದೆ. 1792ರ ಒಪ್ಪಂದದ ನಂತರ ಇಂಗ್ಲಿಷ್ ಚಿತ್ರಕಾರರು ಮೈಸೂರಿನಿಂದ ಆರಿಸಿಕೊಂಡ ವಿಷಯ ಯಾವುದು? ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸನ ಕೈ ಸೇರುತ್ತಿರುವ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳು. ರಾಬರ್ಟ್ ಹೋಮ್ ಅದನ್ನು ಬರೆದ, ಮೇದರ್ ಬ್ರೌನ್ ಬರೆದ. ಗೆದ್ದವನ ಔದಾರ್ಯವನ್ನು ಕೊಂಡಾಡುವ ಆ ಸಾಲಿನ ಪಕ್ಕದಲ್ಲಿ ದರ್ವೇಶ್ ಖಾನನನ್ನು ನಿಲ್ಲಿಸಿದರೆ, ಮಿತ್ರರಾಜ್ಯವೊಂದರ ಪ್ರತಿನಿಧಿಯಾಗಿ ಮೈಸೂರನ್ನು ಕಂಡ ಯುರೋಪಿನ ಕಣ್ಣೂ ಒಂದಿತ್ತು ಎಂಬುದಕ್ಕೆ ಸಾಕ್ಷಿ ಸಿಗುತ್ತದೆ.

ಈ ಭಾವಚಿತ್ರ 1789ರ ಸಲೋನಿನಲ್ಲಿ ಪ್ರದರ್ಶನಗೊಂಡಿತು. ಸಲೋನ್ ತೆರೆದದ್ದು ಆಗಸ್ಟ್ 25ರಂದು. ಬ್ಯಾಸ್ಟೀಲ್ ಕೋಟೆ ಆಗಲೇ ಉರುಳಿತ್ತು. ಮರುದಿನವೇ ವರ್ಸೇಲ್ಸಿನಲ್ಲಿ ಮನುಷ್ಯನ ಮತ್ತು ನಾಗರಿಕನ ಹಕ್ಕುಗಳ ಘೋಷಣೆ ಅಂಗೀಕಾರವಾಯಿತು. ಅಕ್ಟೋಬರ್ 6ರ ರಾತ್ರಿ, ಜನಸಮೂಹ ರಾಜಕುಟುಂಬವನ್ನು ಪ್ಯಾರಿಸ್ಸಿಗೆ ಕರೆತಂದ ದಿನವೇ, ವಿಜೀ ಪುಟ್ಟ ಮಗಳೊಡನೆ ಸಾರ್ವಜನಿಕ ಗಾಡಿಯೊಂದರಲ್ಲಿ ಇಟಲಿಯ ಕಡೆಗೆ ಹೊರಟಳು. ರೋಮ್, ನೇಪಲ್ಸ್, ವಿಯೆನ್ನಾ, ಸೇಂಟ್ ಪೀಟರ್ಸ್‌ಬರ್ಗ್ ಎಂದು ಹನ್ನೆರಡು ವರ್ಷ ಅಲೆದು, ಹೋದಲ್ಲೆಲ್ಲ ಕುಂಚದಿಂದಲೇ ಬದುಕಿದಳು. (ಪೀಟರ್ಸ್‌ಬರ್ಗಿನಲ್ಲಿ ಮಹಾ ಪೀಟರನ ಕಂಚಿನ ಅಶ್ವಾರೂಢ ಪ್ರತಿಮೆಯನ್ನು ಆಕೆ ಕಂಡಿರಲೇಬೇಕು. ಶಿಲ್ಪಿ ಫಾಲ್ಕೊನೆಯ ಹೆಸರಿನಲ್ಲಿರುವ ಆ ಪ್ರತಿಮೆಯ ತಲೆಯನ್ನು ರೂಪಿಸಿದವಳು ಆತನ ಶಿಷ್ಯೆ ಮಾರಿ ಆನ್ ಕೊಲೊ.) ದೇಶ ಬಿಟ್ಟವರ ಪಟ್ಟಿಯಿಂದ ಆಕೆಯ ಹೆಸರನ್ನು ತೆಗೆಯಬೇಕೆಂದು 255 ಮಂದಿ ಸಹಿ ಹಾಕಿ ಕೇಳಿಕೊಂಡರು. 1802ರಲ್ಲಿ ಆಕೆ ಮರಳಿದಳು. ಕೊನೆಯವರೆಗೂ ಅರಸೊತ್ತಿಗೆಯ ಪಕ್ಷಪಾತಿಯಾಗಿಯೇ ಉಳಿದಳು.

ಲಬೀಯ್ ಗಿಯಾರ್ ದೇಶ ಬಿಡಲಿಲ್ಲ. 1790ರಲ್ಲಿ ಅಕಾಡೆಮಿಯ ಸಭೆಯಲ್ಲಿ ಎದ್ದುನಿಂತು, ಮಹಿಳೆಯರ ಸಂಖ್ಯೆಗೆ ಮಿತಿಯೇ ಇರಬಾರದೆಂಬ ಸೂಚನೆಯನ್ನು ಮಂಡಿಸಿದಳು. 1791ರಲ್ಲಿ ಸಲೋನ್ ಎಲ್ಲ ಕಲಾವಿದರಿಗೂ ತೆರೆದುಕೊಂಡಿತು, ಅದು ಕ್ರಾಂತಿಯ ನಿಜವಾದ ಕೊಡುಗೆ. ರಾಷ್ಟ್ರಸಭೆಯ ಪ್ರತಿನಿಧಿಗಳ ಭಾವಚಿತ್ರಗಳನ್ನು ಆಕೆ ಅಲ್ಲಿ ಪ್ರದರ್ಶಿಸಿದಳು. ಅವುಗಳಲ್ಲಿ ರೋಬೆಸ್ಪಿಯರನದೂ ಒಂದು. ಎರಡೇ ವರ್ಷಗಳಲ್ಲಿ ಗಾಳಿ ತಿರುಗಿತು. ಅರಸನ ತಮ್ಮನಿಗಾಗಿ ವರ್ಷಗಳಿಂದ ಬರೆಯುತ್ತಿದ್ದ ಬೃಹತ್ ಚಿತ್ರವನ್ನು ನಾಶಪಡಿಸಲು ಒಪ್ಪಿಸಬೇಕೆಂದು 1793ರಲ್ಲಿ ಆಕೆಗೆ ಆದೇಶ ಬಂತು. ಅದು ಕೇವಲ ರಾಜಭಕ್ತಿಯ ಕುರುಹಾಗಿರಲಿಲ್ಲ. ಹತ್ತಾರು ಆಕೃತಿಗಳನ್ನು ಒಂದೇ ಚೌಕಟ್ಟಿನಲ್ಲಿ ಕಟ್ಟುವ ಇತಿಹಾಸಚಿತ್ರದ ಮೆಟ್ಟಿಲನ್ನು ಆಕೆ ಹತ್ತಲಿದ್ದ ಕೃತಿ ಅದು. ಬೆಂಕಿಗೆ ಹೋದದ್ದು ಆಕೆಯ ಮಹತ್ವಾಕಾಂಕ್ಷೆ.

ಅದೇ ವರ್ಷ ಆಗಸ್ಟಿನಲ್ಲಿ ರಾಯಲ್ ಅಕಾಡೆಮಿ ರದ್ದಾಯಿತು. ವಿಶೇಷಾಧಿಕಾರದ ಕೋಟೆ ಬಿತ್ತೆಂದು ಪ್ರಗತಿಪರರು ಸಂತೋಷಪಟ್ಟದ್ದು ಸಹಜ. ಆದರೆ ಅದರ ಜಾಗದಲ್ಲಿ ಎದ್ದ ಗಣರಾಜ್ಯದ ಕಲಾವಿದರ ಸಂಘ ಹೆಂಗಸರಿಗೆ ಸದಸ್ಯತ್ವವನ್ನೇ ಕೊಡಲಿಲ್ಲ. ಅಕ್ಟೋಬರಿನಲ್ಲಿ ಮಹಿಳೆಯರ ರಾಜಕೀಯ ಸಂಘಗಳನ್ನು ನಿಷೇಧಿಸಲಾಯಿತು. ಹೆಣ್ಣಿನ ಹಕ್ಕುಗಳ ಘೋಷಣೆಯನ್ನು ಬರೆದ ಒಲಿಂಪ್ ದ ಗೂಜ್ ನವೆಂಬರಿನಲ್ಲಿ ಗಿಲೊಟಿನ್ನಿಗೆ ಬಲಿಯಾದಳು. 1795ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಟಿನಲ್ಲಿ ಹೆಂಗಸರಿಗೆ ನಾಲ್ಕಲ್ಲ, ಒಂದು ಸ್ಥಾನವೂ ಇರಲಿಲ್ಲ. ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆ ಎಕೊಲ್ ದೆ ಬೋಜ಼ಾರ್‌ಗೆ ವಿದ್ಯಾರ್ಥಿನಿಯರು ಪ್ರವೇಶ ಪಡೆದದ್ದು 1897ರಲ್ಲಿ. ಅರಸೊತ್ತಿಗೆಯ ಕಾಲವೇ ಮೇಲಿತ್ತು ಎನ್ನುವವರಿಗೆ ಈ ಸಂಗತಿಗಳು ಅಸ್ತ್ರವಾಗಬೇಕಿಲ್ಲ. ಕೃಪೆಯಾಗಿ ಬಂದ ನಾಲ್ಕು ಸ್ಥಾನಗಳನ್ನು ಹಕ್ಕೆಂದು ಎಣಿಸಲಾಗದು. ಆದರೆ ಸಮಾನತೆಯ ಹೆಸರಿನಲ್ಲಿ ಬಂದ ಹೊರಗಿಡುವಿಕೆಯನ್ನು ‘ಕಾಲದ ಮಿತಿ’ ಎಂದು ಕ್ಷಮಿಸುವ ಚಾಳಿಯೂ ಸಲ್ಲದು. ಲಬೀಯ್ ಗಿಯಾರ್ ಅದೇ ಕಾಲದವಳು, ಆಕೆ ಅದೇ ಸಭೆಯಲ್ಲಿ ಎದ್ದು ಕೇಳಿದ್ದಳು.

ಈ ಸಾಲಿನಲ್ಲಿ ಮೂರನೆಯ ಹೆಸರೊಂದಿದೆ, ಮಾರಿ ಗಿಯೆಮಿನ್ ಬೆನ್ವಾ. ವಿಜೀಯ ಬಳಿ ಕಲಿತು, ಆಮೇಲೆ ದಾವೀದನ ಶಿಷ್ಯೆಯಾದವಳು. 1800ರ ಸಲೋನಿನಲ್ಲಿ ಆಕೆ ಇಟ್ಟದ್ದು ಬಿಳಿಯ ವಸ್ತ್ರ ಧರಿಸಿ ನೇರವಾಗಿ ನೋಡುಗನನ್ನು ದಿಟ್ಟಿಸುವ ಕಪ್ಪು ಹೆಣ್ಣೊಬ್ಬಳ ಭಾವಚಿತ್ರ. ಫ್ರಾನ್ಸ್ ತನ್ನ ವಸಾಹತುಗಳಲ್ಲಿ 1794ರಲ್ಲಿ ಗುಲಾಮಗಿರಿಯನ್ನು ರದ್ದುಮಾಡಿತ್ತು, 1802ರಲ್ಲಿ ನೆಪೋಲಿಯನ್ ಅದನ್ನು ಮತ್ತೆ ತಂದ. ಚಿತ್ರ ಈ ಎರಡು ದಿನಾಂಕಗಳ ನಡುವಿನದು. ಗಾಂಭೀರ್ಯದಲ್ಲಿ ಅದು ದರ್ವೇಶ್ ಖಾನನ ಚಿತ್ರಕ್ಕೆ ಸಮ. ಆದರೆ ದರ್ವೇಶ್ ಖಾನನ ಹಿಂದೆ ಒಂದು ರಾಜ್ಯವಿತ್ತು, ಆತ ಷರತ್ತು ಹಾಕಬಲ್ಲವನಾಗಿದ್ದ. ಕಲಾವಿದೆಯ ಭಾವಮೈದುನನ ಮನೆಯಲ್ಲಿ ಸೇವಕಿಯಾಗಿದ್ದ ಈ ಹೆಣ್ಣಿನ ಹಿಂದೆ ಯಾವ ರಾಜ್ಯವೂ ಇರಲಿಲ್ಲ. ಪ್ರದರ್ಶನದ ಪಟ್ಟಿಯಲ್ಲಿ ಆಕೆಯ ಹೆಸರಿರಲಿಲ್ಲ, ಜನಾಂಗ ಮಾತ್ರವಿತ್ತು.

ದರ್ವೇಶ್ ಖಾನನ ಚಿತ್ರ 2019ರ ಜನವರಿಯಲ್ಲಿ ನ್ಯೂಯಾರ್ಕಿನ ಸಾದಬೀಸ್ ಹರಾಜಿನಲ್ಲಿ ಸುಮಾರು 72 ಲಕ್ಷ ಡಾಲರಿಗೆ ಮಾರಾಟವಾಯಿತು. ಆಧುನಿಕಪೂರ್ವ ಕಾಲದ ಮಹಿಳೆಯೊಬ್ಬಳ ಕೃತಿಗೆ ಹರಾಜಿನಲ್ಲಿ ಅದುವರೆಗೆ ಅಷ್ಟು ಬೆಲೆ ಬಂದಿರಲಿಲ್ಲ. ಅದೇ ವರ್ಷ ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಂನಲ್ಲಿ ನಡೆದ ಪ್ರದರ್ಶನವೊಂದರಲ್ಲಿ, ಲೂವ್ರ್‌ನಿಂದ ಬಂದ ಬೆನ್ವಾಳ ಚಿತ್ರದ ಪಕ್ಕದ ಫಲಕದ ಮೇಲೆ ಎರಡು ಶತಮಾನಗಳ ನಂತರ ಹೆಸರೊಂದು ಬಂತು: ಮಾದಲೇನ್. ಬೆನ್ವಾಳ ಕಲಾಜೀವನ ಮುಗಿದದ್ದು ಅರಸೊತ್ತಿಗೆ ಮರಳಿದಾಗ. ಗಂಡನಿಗೆ ಸರ್ಕಾರದಲ್ಲಿ ಉನ್ನತ ಹುದ್ದೆ ದೊರೆಯಿತು. ಅಂಥವನ ಹೆಂಡತಿ ಚಿತ್ರಗಳನ್ನು ಸಾರ್ವಜನಿಕವಾಗಿ ತೂಗುಹಾಕುವುದು ತರವಲ್ಲವೆಂದಾಯಿತು. ಆಕೆ ಮತ್ತೆ ಪ್ರದರ್ಶನಕ್ಕೆ ಏನನ್ನೂ ಇಡಲಿಲ್ಲ.