ಗಾಂಜಾದ ನಡಿಗೆ ಮತ್ತು ನಮ್ಮ ಮೌನ

(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಪಠ್ಯ)



ಇಂದಿನ ಉಪನ್ಯಾಸದ ವಿಷಯವನ್ನು ಆಮಂತ್ರಣ ಪತ್ರಿಕೆಯಲ್ಲಿ ಕಂಡ ಹಿರಿಯ ಸದಸ್ಯರೊಬ್ಬರು ನನಗೆ ದೂರವಾಣಿ ಮಾಡಿ, "ಸರಸ್ವತಿಯ ವೇದಿಕೆಯ ಮೇಲೆ ಗಾಂಜಾದ ಮಾತು ಆಡಲೇಬೇಕೇ?" ಎಂದು ಆಕ್ಷೇಪಿಸಿದರು. ಅವರ ಸಂಕೋಚ ಸಹಜವಾದದ್ದು. ಆದರೆ ಈ ಮಾತು ಡೊಂಬಿವಲಿಯ ಕಟ್ಟಡಗಳ ಟೆರೇಸಿನ ಮೇಲೆ, ನವಿ ಮುಂಬಯಿಯ ಕಾಲೇಜುಗಳ ಗೇಟಿನಾಚೆ, ಕಲ್ಯಾಣ-ಠಾಣೆಗಳ ನಡುವಿನ ಲೋಕಲ್ ಗಾಡಿಗಳಲ್ಲಿ ನಮ್ಮ ಮಕ್ಕಳ ನಡುವೆ ನಡೆಯುತ್ತಲೇ ಇದೆ. ನಡೆಯದಿರುವುದು ನಮ್ಮ ಮನೆಗಳಲ್ಲಿ ಮಾತ್ರ. ಆ ಕೊರತೆಯನ್ನು ಕುರಿತೇ ಇಂದು ನಿಮ್ಮ ಮುಂದೆ ನಿಂತಿದ್ದೇನೆ.

ಈ ವಿಷಯ ನನ್ನ ತಲೆಯನ್ನು ಹೊಕ್ಕಿದ್ದು ದೂರದ ಒಂದು ಊರಿನಲ್ಲಿ. 2023ರ ಬೇಸಿಗೆಯಲ್ಲಿ ಮಗಳ ಮನೆಗೆಂದು ನೆದರ್ಲೆಂಡ್ಸ್ ದೇಶಕ್ಕೆ ಹೋಗಿದ್ದೆ. ಅಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ 'ಗಾಂಜಾ ಸಂಸ್ಕೃತಿ'ಯನ್ನು ಕಾಲ್ನಡಿಗೆಯಲ್ಲಿ ತೋರಿಸುವ ಖಾಸಗಿ ಪ್ರವಾಸಗಳುಂಟು. ಹಣ ತೆತ್ತರೆ ಒಬ್ಬ ಮಾರ್ಗದರ್ಶಕ ನಿಮಗಾಗಿಯೇ ಬಂದು, ಹಳೆಯ ಪೇಟೆಯ ಕಾಲುವೆಗಳ ಗುಂಟ ನಡೆಸಿಕೊಂಡು ಹೋಗಿ, ಕಥೆ ಹೇಳುತ್ತಾನೆ. ಅಳಿಯಂದಿರು ಕುತೂಹಲದಿಂದ ಏರ್ಪಾಡು ಮಾಡಿದ್ದರು; ನಾನೂ ಜೊತೆಗೂಡಿದೆ.

ಆ ನಡಿಗೆಯಿಂದ ನಾನು ಕಲಿತದ್ದು ಕಡಿಮೆಯಲ್ಲ. ಅಲ್ಲಿ ಗಾಂಜಾ ಪೂರ್ತಿ ಮುಕ್ತ ಎಂಬುದು ನಮ್ಮವರ ಸಾಮಾನ್ಯ ಕಲ್ಪನೆ. ವಾಸ್ತವ ಹಾಗಿಲ್ಲ. 1976ರಲ್ಲಿ ತಮ್ಮ ಅಫೀಮು ಕಾಯಿದೆಯನ್ನು ತಿದ್ದಿದಾಗ ಅವರು ಹೆರಾಯಿನ್‌ನಂಥ ಘೋರ ಮಾದಕಗಳನ್ನೂ ಗಾಂಜಾ-ಚರಸ್‌ಗಳನ್ನೂ ಬೇರೆ ಬೇರೆ ಪಟ್ಟಿಗಳಲ್ಲಿಟ್ಟರು. 'ಕಾಫಿಶಾಪ್' ಎಂದು ಕರೆಯುವ ಅಂಗಡಿಗಳಲ್ಲಿ ಒಬ್ಬರಿಗೆ 5 ಗ್ರಾಂ ಮಾತ್ರ ಮಾರಬಹುದು, 18 ವರ್ಷ ತುಂಬದವರಿಗೆ ಪ್ರವೇಶವಿಲ್ಲ, ಮದ್ಯವಿಲ್ಲ, ಜಾಹೀರಾತಿಲ್ಲ. ಇಷ್ಟಾದರೂ ಅಂಗಡಿಗೆ ಮಾಲು ಒದಗಿಸುವುದು ಅಪರಾಧವಾಗಿಯೇ ಉಳಿಯಿತು. ಮುಂಬಾಗಿಲಿನ ಮಾರಾಟಕ್ಕೆ ಸರ್ಕಾರ ಕಣ್ಣು ಮುಚ್ಚುತ್ತದೆ, ಹಿಂಬಾಗಿಲಿಂದ ಬರುವ ಮೂಟೆಗೆ ಶಿಕ್ಷೆ ಕೊಡುತ್ತದೆ. ಈ ವಿಪರ್ಯಾಸವನ್ನು ನೀಗಲೆಂದು ಅಧಿಕೃತವಾಗಿ ಬೆಳೆದದ್ದನ್ನೇ ಮಾರುವ ಪ್ರಯೋಗವನ್ನು 2023ರ ಡಿಸೆಂಬರಿನಲ್ಲಿ ಬ್ರೆಡಾ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಆರಂಭಿಸಿದರು. 1972ರಲ್ಲಿ ಶುರುವಾದ 'ಮೆಲೊ ಯೆಲೊ' ಎಂಬ ಹೆಸರಾಂತ ಅಂಗಡಿ 2017ರ ಆರಂಭದಲ್ಲಿ ಮುಚ್ಚಬೇಕಾಯಿತು. ವಿದ್ಯಾರ್ಥಿಗಳು ಕಲಿಯುವ ಶಾಲೆಯೊಂದಕ್ಕೆ ಅದು 250 ಮೀಟರಿಗಿಂತ ಹತ್ತಿರವಿತ್ತು. ನಾನು ಹೋದ ವರ್ಷದ ಮೇ ತಿಂಗಳಿನಿಂದಲೇ ಹಳೆಯ ಪೇಟೆಯ ಬೀದಿಗಳಲ್ಲಿ ಗಾಂಜಾ ಸೇದುವುದನ್ನು ನಗರಸಭೆ ನಿಷೇಧಿಸಿತ್ತು. ಪ್ರವಾಸಿಗಳ ಗದ್ದಲದಿಂದ ಅಲ್ಲಿನ ನಿವಾಸಿಗಳು ಅಷ್ಟು ಬೇಸತ್ತಿದ್ದರು.

ನಡಿಗೆ ಮುಗಿದ ಮೇಲೆ ನಾವಾಗಿಯೇ ಅಲ್ಲಿನ ಗಾಂಜಾ ವಸ್ತುಸಂಗ್ರಹಾಲಯವನ್ನೂ ನೋಡಿದೆವು. ಬೀಳ್ಕೊಡುವಾಗ ಮಾರ್ಗದರ್ಶಕ ನಗುತ್ತ ಹೇಳಿದ: "ಇದೆಲ್ಲ ನಿಮ್ಮ ದೇಶದಿಂದ ಬಂದದ್ದು, ನಿಮ್ಮದೇ ಸಂಸ್ಕೃತಿ. ನಿಮಗೆ ನಾನು ಹೇಳುವುದೇನಿದೆ?" ಸಭಿಕರೇ, ಆ ಮಾತಿಗೆ ಹೌದು ಎನ್ನಬೇಕೋ ಅಲ್ಲ ಎನ್ನಬೇಕೋ ತಿಳಿಯದೆ ನಾನು ಸುಮ್ಮನಾದೆ. ಆ ಪ್ರಶ್ನೆಯನ್ನು ಇಂದು ನಿಮ್ಮೊಡನೆ ಬಿಡಿಸಿ ನೋಡಬೇಕೆಂದಿದ್ದೇನೆ.

ನಮ್ಮದೇ ಸಂಸ್ಕೃತಿ ಎನ್ನುವುದಕ್ಕೆ ಆಧಾರ ಹುಡುಕಲು ಹಿಮಾಲಯದ ಸಾಧುಗಳವರೆಗೆ ಹೋಗಬೇಕಾಗಿಲ್ಲ. ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸೋಲಾಪುರ, ಕಲಬುರಗಿ, ವಾಡಿಗಳನ್ನು ದಾಟಿ ಅದು ಯಾದಗಿರಿಗೆ ಹೋಗುತ್ತದೆ. ಆ ಜಿಲ್ಲೆಯ ಸುರಪುರ ಸೀಮೆಯಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ ತಿಂಥಣಿ ಎಂಬ ಊರಿದೆ. ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ನಡೆದುಕೊಳ್ಳುವ ಮೌನೇಶ್ವರನ ಕ್ಷೇತ್ರವದು. ಜನವರಿಯ ಹೊತ್ತಿಗೆ ನಡೆಯುವ ಅಲ್ಲಿನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಭಕ್ತರ ಕೈಸೇರುವ ಪದ್ಧತಿಯುಂಟು. 2020ರಲ್ಲಿ ಪತ್ರಿಕೆಗಳು ಇದನ್ನು ವರದಿ ಮಾಡಿದಾಗ ದೇಶವೇ ಬೆರಗಾಯಿತು. ರಾಯಚೂರು-ಯಾದಗಿರಿ ಭಾಗದ ಕೆಲವು ಶರಣ, ಆರೂಢ, ಅವಧೂತ ಪಂಥಗಳಲ್ಲಿ ಇದು ಧ್ಯಾನಕ್ಕೆ ಒದಗುವ ಸಾಧನವೆಂಬ ನಂಬಿಕೆ ಹಳೆಯದು. ಉತ್ತರದವರು ಹೋಳಿ-ಶಿವರಾತ್ರಿಗಳಲ್ಲಿ ಠಂಡಾಯಿಗೆ ಬೆರೆಸುವ ಭಂಗಿಯೂ ಇದೇ ಗಿಡದ ಎಲೆ. ಆಯುರ್ವೇದ ಇದಕ್ಕೆ 'ವಿಜಯಾ' ಎಂಬ ಹೆಸರನ್ನೇ ಕೊಟ್ಟಿದೆ.

ಆದರೆ ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇಂಥ ಪದ್ಧತಿಗಳಲ್ಲಿ ಆ ಸೊಪ್ಪಿಗೆ ಒಂದು ತಿಥಿಯಿದೆ, ಒಂದು ಸ್ಥಳವಿದೆ, ಕೊಡುವ ಕೈಯೊಂದಿದೆ. ಜಾತ್ರೆ ಮುಗಿದರೆ ಭಕ್ತನು ಹೊಲಕ್ಕೆ ಮರಳಬೇಕು. ಕಟ್ಟುಪಾಡನ್ನು ಕಳಚಿಟ್ಟು ಗಿಡವನ್ನಷ್ಟೇ ಎತ್ತಿಕೊಂಡು 'ನಮ್ಮ ಸಂಸ್ಕೃತಿ' ಎನ್ನುವುದು ಅರ್ಧ ಸತ್ಯ. ಆಮ್‌ಸ್ಟರ್‌ಡ್ಯಾಮಿನ ಮಾರ್ಗದರ್ಶಕ ಹೇಳಿದ್ದು ಆ ಅರ್ಧವನ್ನು. ಇಂದು ನಮ್ಮ ಹುಡುಗರು ಟೀ ಶರ್ಟಿನ ಮೇಲೆ ಶಿವನ ಚಿತ್ರವನ್ನೂ ಎಲೆಯ ಚಿತ್ರವನ್ನೂ ಒಟ್ಟಿಗೆ ಧರಿಸಿ ಹೇಳುವುದೂ ಆ ಅರ್ಧವನ್ನೇ.

ನಿಷೇಧವಾದಿಗಳು ಹೇಳುವುದು ಉಳಿದರ್ಧವೇ? ಅದನ್ನೂ ಪರೀಕ್ಷಿಸೋಣ. ಈ ದೇಶದ ಗಾಂಜಾ ಸಂಸ್ಕೃತಿಯನ್ನು ಊರೂರು ಸುತ್ತಿ ನೋಡಿದವರಲ್ಲಿ ಬ್ರಿಟಿಷ್ ಸರ್ಕಾರದವರೂ ಇದ್ದರು. ಗಾಂಜಾ ಸೇದಿ ಭಾರತೀಯರು ಹುಚ್ಚರಾಗುತ್ತಿದ್ದಾರೆ, ಆಸ್ಪತ್ರೆಗಳು ತುಂಬುತ್ತಿವೆ ಎಂಬ ಕೂಗು ಲಂಡನ್ನಿನ ಪಾರ್ಲಿಮೆಂಟಿನವರೆಗೆ ಹೋದಾಗ 1893ರಲ್ಲಿ ಒಂದು ಆಯೋಗ ನೇಮಕವಾಯಿತು. ಮ್ಯಾಕ್‌ವರ್ತ್ ಯಂಗ್ ಅದರ ಅಧ್ಯಕ್ಷ; ಏಳು ಸದಸ್ಯರಲ್ಲಿ ಮೂವರು ಭಾರತೀಯರು. ಪ್ರಾಂತ ಪ್ರಾಂತಗಳನ್ನು ಸುತ್ತಿ 1,193 ಸಾಕ್ಷಿಗಳ ಹೇಳಿಕೆ ಪಡೆದು 1894ರಲ್ಲಿ ವರದಿ ಕೊಟ್ಟರು. ಆಸ್ಪತ್ರೆಯ ದಾಖಲೆಗಳನ್ನು ಕೆದಕಿ ನೋಡಿದಾಗ ಕಂಡದ್ದೇನು? ರೋಗಿಯನ್ನು ಕರೆತಂದ ಪೊಲೀಸರು ಕಾರಣ ತಿಳಿಯದಿದ್ದಲ್ಲಿ 'ಗಾಂಜಾ' ಎಂದು ಬರೆಸಿಬಿಡುತ್ತಿದ್ದರು. 1892ರಲ್ಲಿ ಹೀಗೆ ಗಾಂಜಾದ ಲೆಕ್ಕಕ್ಕೆ ಬರೆದ 222 ರೋಗಿಗಳಲ್ಲಿ, ತನಿಖೆಯ ತರುವಾಯ ಆ ಲೆಕ್ಕದಲ್ಲಿ ಉಳಿದವರು 98 ಮಂದಿ. ಮಿತವಾದ ಬಳಕೆಯಿಂದ ಗಮನಾರ್ಹ ಹಾನಿಯಿಲ್ಲ, ಅತಿಯಾದದ್ದು ಕೆಡುಕು, ಪೂರ್ಣ ನಿಷೇಧ ಬೇಡ, ತೆರಿಗೆ ಹಾಕಿ ಹತೋಟಿಯಲ್ಲಿಡಿ ಎಂದು ಆಯೋಗ ಶಿಫಾರಸು ಮಾಡಿತು. ಭಾರತೀಯ ಸದಸ್ಯರಲ್ಲಿ ಇಬ್ಬರು ಭಿನ್ನಮತ ಬರೆದರು ಎಂಬುದನ್ನೂ ಮರೆಯಬಾರದು.

ಆ ವರದಿಯೇ ಕೊನೆಯ ಮಾತು ಎಂದು ನಾನು ಹೇಳಲಾರೆ. ಅಂದಿನ ಗಾಂಜಾ ಬೇರೆ. ತಳಿ ಬದಲಿಸಿ, ದೀಪದ ಬೆಳಕಿನಲ್ಲಿ ಬೆಳೆದು ಇಂದು ಮಾರುವ ತೀವ್ರವಾದ ಮಾಲು ಬೇರೆ. ಹದಿಹರೆಯದಲ್ಲಿ ಆರಂಭಿಸಿ ನಿತ್ಯವೂ ಸೇದುವವರಲ್ಲಿ ಚಿತ್ತವಿಕಾರದ ಅಪಾಯ ಹೆಚ್ಚುತ್ತದೆ ಎಂಬುದನ್ನು ಇಂದಿನ ವೈದ್ಯಶಾಸ್ತ್ರ ಒಪ್ಪಿದೆ. ಆದುದರಿಂದ ಮಕ್ಕಳಿಗೆ ಹೆದರಿಕೆಯ ಕಥೆಯನ್ನೂ ಹೇಳಬಾರದು, ಹೊಗಳಿಕೆಯ ಕಥೆಯನ್ನೂ ಹೇಳಬಾರದು. ಇದ್ದುದನ್ನು ಇದ್ದಂತೆ ಹೇಳಬೇಕು.

ಇನ್ನು ಕಾನೂನು. 1961ರ ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ಸಾಂಪ್ರದಾಯಿಕ ಬಳಕೆಯನ್ನು ನಿಲ್ಲಿಸಲು 25 ವರ್ಷಗಳ ಅವಧಿಯಿತ್ತು. ಆ ಅವಧಿ ತೀರುವ ಮೊದಲೇ, 1985ರಲ್ಲಿ, ನಮ್ಮ ಸಂಸತ್ತು ಮಾದಕ ವಸ್ತುಗಳ ಕಾಯಿದೆಯನ್ನು ಅಂಗೀಕರಿಸಿತು. ಅದೇ 1985 ನಾನು ಕಂಡ ಆ ವಸ್ತುಸಂಗ್ರಹಾಲಯದ ಸ್ಥಾಪನೆಯ ವರ್ಷವೂ ಹೌದು. ಒಂದು ಊರಿನಲ್ಲಿ ಗಿಡ ಗಾಜಿನ ಪೆಟ್ಟಿಗೆ ಸೇರಿದ ವರ್ಷ ಇನ್ನೊಂದು ದೇಶದಲ್ಲಿ ಅದನ್ನು ಸೇದುವವನು ಲಾಕಪ್ಪು ಸೇರುವಂತಾಯಿತು. ಈ ಕಾಯಿದೆಯ ಪ್ರಕಾರ ಗಿಡದ ಹೂತುದಿಯೇ ಗಾಂಜಾ. ಹೂತುದಿಯಿಲ್ಲದ ಎಲೆ ಮತ್ತು ಬೀಜ ಆ ವ್ಯಾಖ್ಯೆಗೆ ಸೇರುವುದಿಲ್ಲ. ಭಂಗಿ ಉಳಿದುಕೊಂಡದ್ದು ಹೀಗೆ. 2022ರಲ್ಲಿ ಕರ್ನಾಟಕ ಹೈಕೋರ್ಟು ಜಾಮೀನು ಪ್ರಕರಣವೊಂದರಲ್ಲಿ ಈ ಭೇದವನ್ನು ಎತ್ತಿ ಹೇಳಿತು. ಆದರೆ ಮಹಾರಾಷ್ಟ್ರದಲ್ಲಿರುವ ನಾವು ಅದನ್ನು ನಂಬಿ ಮೈಮರೆಯುವಂತಿಲ್ಲ. 1949ರ ಮುಂಬಯಿ ಪಾನನಿರೋಧ ಕಾಯಿದೆಯ ಮೇರೆಗೆ ಇಲ್ಲಿ ಭಂಗಿಗೂ ಪರವಾನಗಿ ಬೇಕು. ಗಾಂಜಾ ಸೇದಿದ್ದಕ್ಕೆ ಆರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಒಂದು ಕಿಲೋವರೆಗಿನ 'ಅಲ್ಪ ಪ್ರಮಾಣ' ಬಳಿಯಿದ್ದರೆ ಸಜೆ ಒಂದು ವರ್ಷದವರೆಗೂ ಹೋಗಬಹುದು.

ಇನ್ನೂ ಒಂದು ಎಚ್ಚರಿಕೆ. ಥಾಯ್ಲೆಂಡ್ ದೇಶ 2022ರ ಜೂನಿನಲ್ಲಿ ಗಾಂಜಾವನ್ನು ಅಪರಾಧಗಳ ಪಟ್ಟಿಯಿಂದ ತೆಗೆದು, 2025ರ ಜೂನಿನಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಮತ್ತೆ ಬಿಗಿ ಮಾಡಿತು. ಕಚೇರಿಯ ಗೆಳೆಯರೊಡನೆ ಬ್ಯಾಂಕಾಕಿಗೆ ಹೋಗಿಬರುವ ನಮ್ಮ ಮಕ್ಕಳು ಅಲ್ಲಿಂದ ಒಂದು ಪೊಟ್ಟಣ ತಂದರೂ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಅದು ಕಳ್ಳಸಾಗಣೆಯ ಮೊಕದ್ದಮೆಯಾದೀತು. ಇಷ್ಟಕ್ಕೇ ಮುಗಿಯುವುದಿಲ್ಲ. ಗಾಂಜಾ ಮಾರುವ ಕೈಯೇ ನಾಳೆ 'ಎಂ.ಡಿ.' ಎಂದು ಕರೆಯುವ ಮೆಫೆಡ್ರೋನ್ ಪುಡಿಯನ್ನೂ ಚಾಚಬಹುದು. ಅದು ಗಿಡವಲ್ಲ, ಕಾರ್ಖಾನೆಯ ರಾಸಾಯನಿಕ. 2015ರಿಂದ ಅದೂ ಈ ಕಾಯಿದೆಯ ಪಟ್ಟಿಯಲ್ಲಿದೆ.

ಈಗ ನಮ್ಮ ನಡುವೆಯೇ ನಡೆದ ಒಂದು ಸಂಗತಿ. ಹೆಸರು, ಬಡಾವಣೆ ಹೇಳುವುದು ಸಲ್ಲದು. ಕೆಲವು ವರ್ಷಗಳ ಹಿಂದೆ ಖಾಡಿಯ ದಂಡೆಯಲ್ಲಿ ಕುಳಿತಿದ್ದ ಇಬ್ಬರು ಹುಡುಗರ ಬಳಿ ಸಣ್ಣ ಪೊಟ್ಟಣ ಸಿಕ್ಕಿತು. ಒಬ್ಬ ನಮ್ಮಂಥ ನೌಕರದಾರರ ಮನೆಯವನು. ತಂದೆ ಅಂದೇ ರಾತ್ರಿ ವಕೀಲರನ್ನು ಕರೆದುಕೊಂಡು ಹೋದರು. ಬಂಧುಗಳಿಗೆಲ್ಲ ಕಾಮಾಲೆ ಎಂದು ಹೇಳಿ ಮಗನನ್ನು ಊರಿಗೆ, ಅಜ್ಜಿಯ ಮನೆಗೆ ಸಾಗಿಸಿದರು. ಅವನ ಕಾಲೇಜಿನ ವರ್ಷ ಹೋಯಿತು. ತಾಯಿ ಸಂಘದ ಕಾರ್ಯಕ್ರಮಗಳಿಗೆ ಬರುವುದನ್ನೇ ಬಿಟ್ಟರು. ಇನ್ನೊಬ್ಬ ಯಾದಗಿರಿ ಕಡೆಯಿಂದ ಕಟ್ಟಡದ ಕೂಲಿಗೆ ಬಂದ ಕುಟುಂಬದವನು. ಅವನ ಪರವಾಗಿ ಮಾತನಾಡಲು ಕನ್ನಡ ಬಲ್ಲವರು ಯಾರೂ ಹೋಗಲಿಲ್ಲ. ಅವನ ತಾಯಿಗೆ ಠಾಣೆಯ ಮರಾಠಿಯೂ ಅರ್ಥವಾಗದು, ಕೋರ್ಟಿನ ಇಂಗ್ಲಿಷೂ ಅರ್ಥವಾಗದು. ಅವನು ಹೊರಬರಲು ಎಷ್ಟೋ ವಾರಗಳು ಹಿಡಿದವು. ಪೊಟ್ಟಣ ಒಂದೇ ಇತ್ತು. ಬೆಲೆ ಮಾತ್ರ ಇಬ್ಬರಿಗೂ ಒಂದೇ ಆಗಲಿಲ್ಲ.

ಇದು ಒಂಟಿ ಪ್ರಸಂಗವಲ್ಲ. ಮುಂಬಯಿಯ 2017 ಮತ್ತು 2018ರ ಪ್ರಕರಣಗಳನ್ನು ಪರಿಶೀಲಿಸಿ ವಿಧಿ ಸೆಂಟರ್ ಎಂಬ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬಹುಪಾಲು ಮೊಕದ್ದಮೆಗಳು ಸ್ವಂತ ಸೇವನೆಗೆ ಸಂಬಂಧಿಸಿದವು. ಶಿಕ್ಷೆಗೊಳಗಾದವರಲ್ಲಿ ಹೆಚ್ಚಿನವರು ಬಡವರು, ಕೂಲಿಯವರು. ಕೇಂದ್ರ ಸರ್ಕಾರ 2019ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಭಂಗಿ-ಗಾಂಜಾ-ಚರಸ್ ಬಳಸುವವರು ಸುಮಾರು 3.1 ಕೋಟಿ, ಮದ್ಯ ಕುಡಿಯುವವರು 16 ಕೋಟಿ. ಇಷ್ಟೊಂದು ಜನರನ್ನು ಅಪರಾಧಿಗಳೆಂದು ಕರೆದು ಮನೆಯ ಬಾಗಿಲು ಹಾಕಿಕೊಂಡರೆ ಸಮಸ್ಯೆ ಹೊರಗುಳಿಯುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ನೆರೆಯ ಮರಾಠಿ ಸಮಾಜದಿಂದ ಒಂದು ಪಾಠ ಕಲಿಯೋಣ. 1986ರಲ್ಲಿ, 'ಗರ್ದ್' ಎಂಬ ಬ್ರೌನ್ ಶುಗರ್ ಪುಣೆ-ಮುಂಬಯಿಗಳ ತರುಣರನ್ನು ನುಂಗುತ್ತಿದ್ದಾಗ, ಲೇಖಕ ಅನಿಲ ಅವಚಟರೂ ಅವರ ಪತ್ನಿ ಡಾ. ಸುನಂದಾ ಅವರೂ ಪು.ಲ. ದೇಶಪಾಂಡೆಯವರ ನೆರವಿನಿಂದ ಪುಣೆಯಲ್ಲಿ 'ಮುಕ್ತಾಂಗಣ' ಎಂಬ ವ್ಯಸನಮುಕ್ತಿ ಕೇಂದ್ರವನ್ನು ತೆರೆದರು. ಸಾಹಿತಿಯೊಬ್ಬರು, ವೈದ್ಯರೊಬ್ಬರು, ನಾಡಿನ ಪ್ರೀತಿಯ ಹಾಸ್ಯ ಬರಹಗಾರರೊಬ್ಬರು ಸೇರಿ ಇದು ಸಂಸ್ಕೃತಿಯ ಕೆಲಸವೆಂದು ತಿಳಿದರು. ಸರಸ್ವತಿಯ ವೇದಿಕೆ ಇಂಥ ಮಾತಿಗೆ ಸಲ್ಲದು ಎಂದು ಅವರಿಗೆ ಅನ್ನಿಸಲಿಲ್ಲ.

ನಮ್ಮ ಸಂಘದ ಶಕ್ತಿ ಚಿಕ್ಕದು. ಆದರೂ ನನ್ನ ಮೂರು ಸೂಚನೆಗಳನ್ನು ಕಾರ್ಯಕಾರಿ ಸಮಿತಿ ಪರಿಶೀಲಿಸಬೇಕೆಂದು ಕೋರುತ್ತೇನೆ. ಸದಸ್ಯರಲ್ಲಿ ವಕೀಲರಿದ್ದಾರೆ, ವೈದ್ಯರಿದ್ದಾರೆ. ತೊಂದರೆಗೆ ಸಿಲುಕಿದ ಯಾವುದೇ ಕನ್ನಡ ಮನೆಗೆ, ಅದು ಟವರಿನಲ್ಲಿರಲಿ, ಕಟ್ಟಡದ ಕೂಲಿಯವರ ತಗಡಿನ ಶೆಡ್ಡಿನಲ್ಲಿರಲಿ, ಅವರಲ್ಲೊಬ್ಬರು ಕೂಡಲೇ ಹೋಗಿ ಕನ್ನಡದಲ್ಲಿ ಮಾತನಾಡುವ ವ್ಯವಸ್ಥೆಯಾಗಲಿ. ಎರಡನೆಯದಾಗಿ, ಈ ಕಾಯಿದೆಯ 64ಎ ಕಲಮನ್ನು ನಮ್ಮ ಜನ ತಿಳಿಯಲಿ: ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿಯೇ ಸರ್ಕಾರಮಾನ್ಯ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆಯುಂಟು. ದಾರಿ ತೋರಿಸಲು 14446 ಎಂಬ ಸರ್ಕಾರಿ ಉಚಿತ ದೂರವಾಣಿಯಿದೆ. ಕಾಮಾಲೆಯ ನೆಪ ಹೂಡುವ ಅಗತ್ಯವಿಲ್ಲ. ಮೂರನೆಯದಾಗಿ, ಮಕ್ಕಳನ್ನು ಕೂರಿಸಿಕೊಂಡು ಮಾತನಾಡುವ ಒಂದು ಸಭೆ ನಡೆಯಲಿ. ಅಲ್ಲಿ ನಾವು ಕಡಿಮೆ ಮಾತಾಡಿ ಅವರಿಂದ ಹೆಚ್ಚು ಕೇಳೋಣ.

ದಾರಿ ತೋರಿಸುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ. ಕೆಲವರು ಹಣಕ್ಕೆ ತೋರಿಸುತ್ತಾರೆ, ಕೆಲವರು ಮಾಲು ಮಾರಲು ತೋರಿಸುತ್ತಾರೆ. ತಿಂಥಣಿಯ ಕಟ್ಟುಪಾಡನ್ನೂ 1894ರ ವರದಿಯನ್ನೂ 1985ರ ಕಾಯಿದೆಯನ್ನೂ ಇಂದಿನ ಅಪಾಯವನ್ನೂ ಒಟ್ಟಿಗೆ ಹೇಳಬಲ್ಲವರು ಮನೆಯವರು ಮಾತ್ರ, ಹೇಳಬಲ್ಲ ಭಾಷೆ ಮನೆಯ ಭಾಷೆ. ಕನ್ನಡವನ್ನು ಮಕ್ಕಳಿಗೆ ಉಳಿಸಿಕೊಡಬೇಕೆಂದು ನಾವು ಪ್ರತಿ ನವೆಂಬರಿನಲ್ಲೂ ಭಾಷಣ ಮಾಡುತ್ತೇವೆ. ಕಷ್ಟದ ಮಾತನ್ನು ಆಡಲು ಬಾರದ ಕನ್ನಡವನ್ನು ಅವರು ಯಾತಕ್ಕಾಗಿ ಉಳಿಸಿಕೊಳ್ಳಬೇಕು? ಈ ಪ್ರಶ್ನೆಯನ್ನು ಸಮಿತಿಯ ಮುಂದಿಟ್ಟು ನನ್ನ ಮಾತು ಮುಗಿಸುತ್ತೇನೆ.