ಹಿಮದ ಹಾದಿಗೆ ಸ್ಕೀಯೋ, ಸೈಕಲ್ಲೋ?

(ವಿದ್ಯಾರ್ಥಿಗಳ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹಿಮವನ್ನೇ ಕಾಣದ ಮಲೆನಾಡಿನಲ್ಲಿ ಕುಳಿತು ಹಿಮದ ಮೇಲಿನ ಪ್ರಯಾಣದ ಮಾತೇಕೆ ಎಂದು ತಾವು ಕೇಳಬಹುದು. ಅಮೆರಿಕದ ಉತ್ತರ ಗಡಿಯಲ್ಲಿರುವ ಮಿನ್ನೆಸೋಟಾ ರಾಜ್ಯದಲ್ಲಿ ಉದ್ಯೋಗನಿಮಿತ್ತ ಕೆಲವು ಚಳಿಗಾಲಗಳನ್ನು ಕಳೆದವನು ನಾನು. ಅಲ್ಲಿಯ ಕಾಡಿನ ಬಗ್ಗೆ ಹೇಳಬೇಕೆಂದು ಶಿಬಿರದ ಗೆಳೆಯರು ಕೇಳಿದರು. ಕಾಡಿನೊಳಗೆ ಯಾವ ಸಾಧನದಿಂದ ಹೋಗುತ್ತೇವೆ ಎಂಬ ಪ್ರಶ್ನೆಯನ್ನು ಬಿಡಿಸುತ್ತ ಹೋದರೆ ಕಾಡಿನ ಸ್ವಭಾವವೂ ತೆರೆದುಕೊಳ್ಳುತ್ತದೆ. ಆದ್ದರಿಂದ ಇಂದು ಅದೊಂದನ್ನೇ ಎತ್ತಿಕೊಳ್ಳುತ್ತೇನೆ: ನಾಲ್ಕು ರಾತ್ರಿ ಹಿಮದಲ್ಲಿ ಬಿಡಾರ ಹೂಡಬೇಕಾದವನು ಸ್ಕೀ ಕಟ್ಟಿಕೊಳ್ಳಬೇಕೋ, ಫ್ಯಾಟ್ ಬೈಕ್ ಏರಬೇಕೋ?

ಸ್ಕೀ ಎಂದರೆ ಬೂಟಿಗೆ ಬಿಗಿದುಕೊಳ್ಳುವ ಆಳುದ್ದದ ಕಿರಿದಾದ ಪಟ್ಟಿಗಳು. ಬೆಟ್ಟದಿಂದ ಧುಮುಕುವ ಆಟದ ಸ್ಕೀ ಅಲ್ಲ. ಸಮತಟ್ಟಾದ ನೆಲದಲ್ಲಿ ಹಿಮ್ಮಡಿ ಎತ್ತಿ ಎತ್ತಿ ದೂರ ಸಾಗುವ ಸ್ಕೀ. ಫ್ಯಾಟ್ ಬೈಕ್ ಎಂದೊಡನೆ ಎಂಜಿನ್ನನ್ನು ಕಲ್ಪಿಸಿಕೊಳ್ಳಬೇಡಿ. ಅದು ತುಳಿಯುವ ಸೈಕಲ್ಲೇ. ಟೈರು ಮಾತ್ರ ನಾಲ್ಕೈದು ಅಂಗುಲ ದಪ್ಪ. ೧೯೮೭ರಲ್ಲಿ ಅಲಾಸ್ಕಾದ ಇಡಿಟರಾಡ್ ಹಾದಿಯಲ್ಲಿ ಹಿಮದ ಮೇಲೆ ಸೈಕಲ್ ಪಂದ್ಯ ನಡೆದಾಗ ಇಂಥ ಟೈರುಗಳು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅಲ್ಲಿಯ ಕುಶಲಿಗಳು ಅಗಲವಾದ ರಿಮ್ಮುಗಳನ್ನು ತಾವೇ ಮಾಡಿಕೊಂಡರು. ೨೦೦೫ರಲ್ಲಿ ಮಿನ್ನೆಸೋಟಾದ್ದೇ ಆದ ಸರ್ಲಿ ಕಂಪನಿಯು ಪಗ್ಸ್ಲಿ ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಇದು ಸಾಮಾನ್ಯರ ಕೈಗೆ ಬಂತು.

ಈಗ ಒಂದು ಲೆಕ್ಕ ಹಾಕೋಣ. ವಿಜ್ಞಾನದ ವಿದ್ಯಾರ್ಥಿಗಳು ಬರೆದುಕೊಳ್ಳಿ. ಒಂದು ಸ್ಕೀ ೧೯೦ ಸೆಂಟಿಮೀಟರ್ ಉದ್ದ, ಸುಮಾರು ೬ ಸೆಂಟಿಮೀಟರ್ ಅಗಲ ಎಂದಿಟ್ಟುಕೊಳ್ಳಿ. ಎರಡೂ ಸೇರಿ ೨೨೮೦ ಚದರ ಸೆಂಟಿಮೀಟರ್. ಬಟ್ಟೆಬರೆ ಸಹಿತ ೮೫ ಕಿಲೋ ತೂಗುವವನು ನಿಂತರೆ ಚದರ ಸೆಂಟಿಮೀಟರಿಗೆ ಬೀಳುವ ಭಾರ ೩೭ ಗ್ರಾಂ. ಫ್ಯಾಟ್ ಬೈಕಿನ ಟೈರಿನಲ್ಲಿ ಗಾಳಿಯನ್ನು ಬಹಳ ಇಳಿಸಿ, ಐದು ಪೌಂಡಿಗೆ ತಂದರೂ ಅದು ನೆಲವನ್ನು ಒತ್ತುವುದು ಸುಮಾರು ೩೫೦ ಗ್ರಾಂನಷ್ಟು. ಒಂಬತ್ತು ಪಟ್ಟು ಹೆಚ್ಚು! ಒಂಟಿ ಕಾಲಿನ ಮೇಲೆ ಭಾರ ಹಾಕಿದ ಬೂಟು ಕೂಡ ಹೆಚ್ಚುಕಡಿಮೆ ಇಷ್ಟೇ ಒತ್ತುತ್ತದೆ. ಅಂದರೆ ಬೂಟು ಹೂತುಹೋಗುವ ಹಿಮದಲ್ಲಿ ಸೈಕಲ್ಲೂ ಹೂತುಹೋಗುತ್ತದೆ. ಕೆಸರುಗದ್ದೆಯಲ್ಲಿ ಬರಿಗಾಲಿಟ್ಟರೆ ಮೊಣಕಾಲವರೆಗೆ ಇಳಿಯುವವನು ಹಲಗೆಯ ಮೇಲೆ ನಿಂತರೆ ಇಳಿಯುವುದಿಲ್ಲವಲ್ಲ, ಅದೇ ನ್ಯಾಯ. ಟೈರು ಎಷ್ಟೇ ದಪ್ಪವಾದರೂ ಅದು ಹಲಗೆಯಲ್ಲ.

ಹಾಗಾದರೆ ಸೈಕಲ್ಲು ಎಲ್ಲಿ ಓಡುತ್ತದೆ? ಯಾರಾದರೂ ಮೊದಲೇ ತುಳಿದು ಗಟ್ಟಿ ಮಾಡಿದ ಹಾದಿಯಲ್ಲಿ. ಇಂಟರ್‌ನ್ಯಾಷನಲ್ ಫಾಲ್ಸ್ ಎಂಬ ಗಡಿಯೂರಿನಿಂದ ಹೊರಡುವ ಆರೋಹೆಡ್ ಹಾದಿ ಅಂಥದ್ದು. ಸ್ನೋಮೊಬೈಲ್ ಎಂಬ ಪೆಟ್ರೋಲ್ ಯಂತ್ರಗಳಿಗಾಗಿ ಅದನ್ನು ಹದಗೊಳಿಸುತ್ತಾರೆ. ರಾತ್ರಿಯ ಕೊರೆತದಲ್ಲಿ ಅದು ಸಿಮೆಂಟಿನಂತೆ ಬಿಗಿಯುತ್ತದೆ. ೨೦೦೫ರಿಂದ ಅಲ್ಲಿ ೧೩೫ ಮೈಲಿಯ, ಎಂದರೆ ೨೧೭ ಕಿಲೋಮೀಟರಿನ ಪಂದ್ಯ ನಡೆಯುತ್ತಿದೆ. ಸೈಕಲ್ಲು, ಸ್ಕೀ, ಕಾಲ್ನಡಿಗೆ, ಯಾವುದರಲ್ಲಾದರೂ ಹೋಗಬಹುದು. ಹಾದಿ ಗಟ್ಟಿಯಾಗಿದ್ದ ದಿನ ಸೈಕಲ್ಲಿನವರು ಉಳಿದವರನ್ನು ಎಲ್ಲೋ ಹಿಂದೆ ಬಿಡುತ್ತಾರೆ. ಹೊಸ ಹಿಮ ಬಿದ್ದ ದಿನ ಅದೇ ಸೈಕಲ್ಲು ಮೂವತ್ತು ಕಿಲೋದ ಹೊರೆಯಾಗಿ, ತಳ್ಳಿದಷ್ಟೂ ಮುಗಿಯುವುದಿಲ್ಲ. ಸೊನ್ನೆಗಿಂತ ೨೫ ಡಿಗ್ರಿ ಕೆಳಗೆ, ಬೆವರಿ, ಕತ್ತಲಾಗುವ ಹೊತ್ತಿಗೆ ಬಿಡಾರ ತಲುಪದಿದ್ದರೆ ಅದು ಬರಿಯ ದಣಿವಿನ ಮಾತಲ್ಲ. ಒದ್ದೆ ಬಟ್ಟೆಯಲ್ಲಿ ನಿಂತವನ ಬೆರಳುಗಳು ಮೊದಲು ಜೋಮು ಹಿಡಿಯುತ್ತವೆ, ಆಮೇಲೆ ಬುದ್ಧಿ ಮಂಕಾಗುತ್ತದೆ. ಮಂಕಾದುದು ಅವನಿಗೇ ತಿಳಿಯುವುದಿಲ್ಲ.

ಇನ್ನೊಂದು ಸಂಗತಿಯನ್ನು ಪರಿಸರಾಸಕ್ತರಾದ ತಾವು ಗಮನಿಸಬೇಕು. ಸೈಕಲ್ಲು ಹೊಗೆಯುಗುಳದ ವಾಹನವೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಹಿಮದಲ್ಲಿ ಅದರ ಹಾದಿಯನ್ನು ಬಹುಪಾಲು ಹೊಗೆಯ ಯಂತ್ರವೇ ಮಾಡಿಕೊಡಬೇಕು. ಸ್ಕೀಗೆ ಆ ಹಂಗಿಲ್ಲ.

ಆರೋಹೆಡ್ ಹಾದಿಯ ಪೂರ್ವಕ್ಕೆ ಕೆನಡಾದ ಗಡಿಗುಂಟ ಬೌಂಡರಿ ವಾಟರ್ಸ್ ಎಂಬ ಮೀಸಲು ಕಾಡು ಇದೆ. ಹತ್ತು ಲಕ್ಷ ಎಕರೆಗೂ ಮಿಗಿಲಾದ ವಿಸ್ತಾರ, ಸಾವಿರಕ್ಕೂ ಹೆಚ್ಚು ಕೆರೆಗಳು. ೧೯೬೪ರ ವನ್ಯಪ್ರದೇಶ ಕಾಯಿದೆಯು ಇಂಥ ಕಾಡುಗಳಲ್ಲಿ ಮೋಟಾರನ್ನಷ್ಟೇ ಅಲ್ಲ, ಯಾಂತ್ರಿಕ ಸಾಗಣೆಯನ್ನೂ ನಿಷೇಧಿಸುತ್ತದೆ. ಸೈಕಲ್ಲು ಆ ನಿಷೇಧದೊಳಗೆ ಬರುತ್ತದೆ, ಸ್ಕೀ ಬರುವುದಿಲ್ಲ. ಇದು ಅತಿರೇಕವೆನ್ನುವ ಸೈಕಲ್ ಪ್ರಿಯರು ಅಲ್ಲಿ ಬಹಳ ಮಂದಿ. ನನಗೆ ಹಾಗೆನಿಸುವುದಿಲ್ಲ. ನಿಧಾನವಾಗಿಯೇ ತಲುಪಬೇಕಾದ ಒಂದಿಷ್ಟು ಜಾಗ ಭೂಮಿಯ ಮೇಲಿರಲಿ.

ಒಂದು ಫೆಬ್ರವರಿಯಲ್ಲಿ ನಾನೂ ಸಹೋದ್ಯೋಗಿಯೊಬ್ಬರೂ ಅಲ್ಲಿಗೆ ಹೊರಟಾಗ ಹೀಗೆ ಅರ್ಧ ತೀರ್ಮಾನ ಕಾನೂನಿನಿಂದಲೇ ಆಗಿತ್ತು. ಉಳಿದರ್ಧವನ್ನು ಸಾಮಾನು ತೀರ್ಮಾನಿಸಿತು. ಚಳಿಗಾಲದ ನಿದ್ರಾಚೀಲವೇ ಒಂದು ಮೂಟೆ. ಬ್ಯೂಟೇನ್ ಅನಿಲ ಸೊನ್ನೆಯ ಆಸುಪಾಸಿನಲ್ಲಿಯೇ ಆವಿಯಾಗುವುದನ್ನು ನಿಲ್ಲಿಸುವುದರಿಂದ ದ್ರವ ಇಂಧನದ ಒಲೆಯೇ ಬೇಕು. ಕುಡಿಯುವ ನೀರನ್ನು ಬಹುಪಾಲು ಹಿಮ ಕರಗಿಸಿಯೇ ಮಾಡಬೇಕಾದ್ದರಿಂದ ಇಂಧನವೂ ಹೆಚ್ಚು ಬೇಕು. ಇವನ್ನೆಲ್ಲ ಸೈಕಲ್ಲಿನ ಹ್ಯಾಂಡಲ್ಲಿಗೂ ಚೌಕಟ್ಟಿಗೂ ಕಟ್ಟಬಹುದು, ಆದರೆ ಅಷ್ಟೂ ಭಾರ ಆ ಎರಡು ಟೈರುಗಳ ಮೇಲೆಯೇ ಬೀಳುತ್ತದೆ. ಸ್ಕೀಯವನಾದರೋ ಸೊಂಟಕ್ಕೆ ಕಟ್ಟಿದ ಪುಟ್ಟ ಜಾರುಬಂಡಿಯಲ್ಲಿ ಅದನ್ನು ಎಳೆಯುತ್ತಾನೆ.

ಸ್ಕೀಯೇನೂ ನಿರಪಾಯಕಾರಿಯಲ್ಲ. ಕೆರೆಯ ಮಂಜುಗಡ್ಡೆಯ ಮೇಲೆ ಹಿಮದ ಭಾರ ಹೆಚ್ಚಿದಾಗ ಬಿರುಕುಗಳಿಂದ ನೀರು ಮೇಲೆ ಬರುತ್ತದೆ. ಮೇಲಿನ ಹಿಮ ಕಂಬಳಿಯಂತೆ ಮುಚ್ಚಿರುವುದರಿಂದ ಎಂಥ ಚಳಿಯಲ್ಲೂ ಅದು ಹೆಪ್ಪುಗಟ್ಟದೆ ಕೆಸರಾಗಿ ಅಡಗಿರುತ್ತದೆ. ಸ್ಕೀ ಅದರಲ್ಲಿ ಇಳಿದು ಹೊರಬಂದ ಕ್ಷಣವೇ ತಳಕ್ಕೆ ಮಂಜು ಅಂಟಿ, ಜಾರುವುದು ನಿಂತುಹೋಗುತ್ತದೆ. ಕೂತು ಕೆರೆದು ತೆಗೆಯಬೇಕು. ಅತಿ ಚಳಿಯಲ್ಲಿ ಹಿಮದ ಹರಳುಗಳು ಮರಳಿನಂತಾಗಿ ಸ್ಕೀ ಹಿಡಿದೆಳೆಯುವುದೂ ಉಂಟು. ಬರಿಯ ಮಂಜುಗಡ್ಡೆಯ ಮೇಲಂತೂ ಮೊಳೆ ಬಡಿದ ಟೈರಿಗೆ ಸಾಟಿಯಿಲ್ಲ. ಆದರೆ ಸ್ಕೀಯಲ್ಲಿ ಕೈಕಾಲುಗಳೆರಡೂ ದುಡಿಯುವುದರಿಂದ ಮೈ ಬೆಚ್ಚಗಿರುತ್ತದೆ. ಸೈಕಲ್ಲಿನಲ್ಲಿ ಹಿಡಿ ಹಿಡಿದ ಕೈಬೆರಳು, ಪೆಡಲಿನ ಮೇಲಿನ ಕಾಲ್ಬೆರಳು ಮೊದಲು ಸೋಲುತ್ತವೆ.

ನಮ್ಮ ಹಿರಿಯರು ಆರಿದ್ರಾ, ಪುನರ್ವಸು ಎಂದು ಮಳೆಯನ್ನು ಗುರುತಿಸಿ ಕೆಲಸ ಹೊಂದಿಸಿಕೊಂಡಂತೆ ಅಲ್ಲಿಯವರು ಹಿಮವನ್ನು ನೋಡಿ ಸಾಧನವನ್ನು ಆರಿಸುತ್ತಿದ್ದರು. ಆ ಲೆಕ್ಕ ಈಗ ತಪ್ಪುತ್ತಿದೆ. ೨೦೨೩-೨೪ರ ಚಳಿಗಾಲ ಮಿನ್ನೆಸೋಟಾದಲ್ಲಿ ಅಸಾಮಾನ್ಯವಾಗಿ ಬೆಚ್ಚಗಿತ್ತು. ಜಾನ್ ಬೇರ್‌ಗ್ರೀಸ್ ಹೆಸರಿನ ನಾಯಿಬಂಡಿ ಪಂದ್ಯವನ್ನು ಹಿಮವಿಲ್ಲದೆ ರದ್ದುಗೊಳಿಸಿದರು. ನೆರೆಯ ವಿಸ್ಕಾನ್ಸಿನ್‌ನ ಹೆಸರಾಂತ ಬರ್ಕೆಬೈನರ್ ಸ್ಕೀ ಪಂದ್ಯ ೨೦೧೭ರಲ್ಲಿ ರದ್ದಾಗಿತ್ತು. ೨೦೨೪ರಲ್ಲಿ ಯಂತ್ರಗಳಿಂದ ಹಿಮ ತಯಾರಿಸಿ, ಹತ್ತು ಕಿಲೋಮೀಟರಿನ ಒಂದೇ ಸುತ್ತಿನಲ್ಲಿ ಜನರನ್ನು ಮತ್ತೆ ಮತ್ತೆ ಓಡಿಸಿದರು. ಆ ಬಿಳಿಯ ಪಟ್ಟಿಯ ಆಚೀಚೆ ನೆಲ ಬರಿದಾಗಿತ್ತು.